ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಈ ಸಲ ಪೂರ್ತಿ ಬೋಪಣ್ಣ

ನವೆಂಬರ್ 1, 2025ಕ್ಕೆ ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ರಿಟೈರ್ ಆಗ್ತೀನಿ ಅಂತ ಹೇಳಿದ್ರಲ್ಲ, ಆವತ್ತಿಂದ ಈ ಕಾಲಂಗೆ ಬರ್ತಿರೋ ಪ್ರಶ್ನೆಗಳಲ್ಲಿ ಕ್ರಿಕೆಟ್‌ದು ಪಕ್ಕಕ್ಕೆ ಸರಿದು ಟೆನಿಸ್‌ದೇ ಜಾಸ್ತಿ ಆಗಿದೆ, ನಂಗಂತೂ ತುಂಬಾ ಖುಷಿ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಆರು ಇಟ್ಕೊಂಡಿದೀನಿ.

ಪ್ರಶ್ನೆ: ಸರ್, 43 ವರ್ಷಕ್ಕೆ ನಂಬರ್ ಒನ್ ಆಗಿದ್ದು ಅವರ ಆಟದಿಂದನಾ, ಇಲ್ಲಾ ಕೊನೇಲಿ ಒಬ್ಬ ಒಳ್ಳೆ ಪಾರ್ಟ್ನರ್ ಸಿಕ್ಕಿದ ಲಕ್ಕಾ? ಮನೇಲಿ ನಂಗೂ ನಮ್ಮ ಭಾವಂಗೂ ಇದೇ ವಾದ. (ಸೋಮವಾರಪೇಟೆಯಿಂದ)

ನಿಮ್ಮ ಭಾವನವರು ಯಾವ ಕಡೆ ಅಂತ ನೀವು ಬರೆದಿಲ್ಲ, ಆದ್ರೆ ಲಕ್ ಅಂತ ಯಾರು ಹೇಳ್ತಿದಾರೋ ಅವರಿಗೆ ಒಂದು ವಿಷಯ ತೋರಿಸಿ. ಬೋಪಣ್ಣ ಡಬಲ್ಸ್‌ನಲ್ಲಿ ವರ್ಲ್ಡ್ ನಂಬರ್ 3 ಆಗಿದ್ದು 2013ರ ಜುಲೈನಲ್ಲಿ. ಅಂದ್ರೆ ನಂಬರ್ ಒನ್ ಆಗೋಕೆ ಹತ್ತು ವರ್ಷಕ್ಕೂ ಮುಂಚೆ ಮೇಲೆ ಇಬ್ಬರು ಮಾತ್ರ ಇದ್ರು. 43 ಅನ್ನೋ ನಂಬರನ್ನ ಪೇಪರ್‌ನೋರು ಎಷ್ಟು ದೊಡ್ಡದಾಗಿ ಹಾಕಿದ್ರು ಅಂದ್ರೆ ಅದರ ಹಿಂದಿನ ಇಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳ್ಲಿಲ್ಲ, ನಂಗೆ ಅದೇ ಬೇಜಾರು.

2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್ ಆಡಿದ್ರು, ಎದುರುಗಡೆ ಅಮೆರಿಕದ ಅವಳಿ ಆಟಗಾರರು ಬ್ರಯಾನ್ ಬ್ರದರ್ಸ್, 7-6, 7-6. ಎರಡು ಟೈಬ್ರೇಕ್‌ನಲ್ಲಿ (ಸೆಟ್ 6-6 ಆದಾಗ ಆಡೋ ಕೊನೇ ಗೇಮ್) ಸೋತ್ರು ಅಷ್ಟೇ. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶದ ರಾಯಭಾರಿಗಳು ಸ್ಟ್ಯಾಂಡ್‌ನಲ್ಲಿ ಒಟ್ಟಿಗೆ ಕೂತು ಆ ಮ್ಯಾಚ್ ನೋಡಿದ್ರು. 2011ರಲ್ಲಿ ಖುರೇಷಿ ಜೊತೆ, 2012ರಲ್ಲಿ ಮಹೇಶ್ ಭೂಪತಿ ಜೊತೆ, ಎರಡು ವರ್ಷ ಸಾಲಾಗಿ ಪ್ಯಾರಿಸ್ ಮಾಸ್ಟರ್ಸ್ ಗೆದ್ರು. ವರ್ಷದ ಕೊನೇಲಿ ಟಾಪ್ ಎಂಟು ಜೋಡಿಗಳು ಮಾತ್ರ ಆಡೋ ಎಟಿಪಿ (ಗಂಡಸರ ಪ್ರೊಫೆಷನಲ್ ಟೆನಿಸ್ ಸಂಘ) ಫೈನಲ್ಸ್ ಇರುತ್ತಲ್ಲ, ಅಲ್ಲಿ 2012 ಮತ್ತು 2015ರಲ್ಲಿ ರನ್ನರ್ ಅಪ್. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಟೈಟಲ್. ಪೇಸ್, ಭೂಪತಿ, ಸಾನಿಯಾ ಬಿಟ್ರೆ ಗ್ರ್ಯಾಂಡ್ ಸ್ಲಾಮ್ (ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಯುಎಸ್ ಓಪನ್ ಅನ್ನೋ ನಾಲ್ಕು ದೊಡ್ಡ ಟೂರ್ನಿ) ಗೆದ್ದ ನಾಲ್ಕನೇ ಭಾರತೀಯ ಇವರೇ. ಇಷ್ಟು ಮಾಡಿದೋರು ಎಲ್ಲಿಂದಲೋ ದಿಢೀರ್ ಅಂತ ಬಂದೋರಲ್ಲ ಅಲ್ವಾ?

ಆಮೇಲೆ 2021. ವರ್ಷ ಶುರುವಾಗಿ ತಿಂಗಳುಗಟ್ಟಲೆ ಒಂದೇ ಒಂದು ಮ್ಯಾಚ್ ಗೆದ್ದಿರ್ಲಿಲ್ಲ. ಪೋರ್ಚುಗಲ್‌ನಲ್ಲಿ ಟೂರ್ನಿಗೆ ಹೋದಾಗ ಸಮುದ್ರದ ದಡದಲ್ಲಿ ಕೂತು, ನಾನು ಇಲ್ಲಿ ಏನು ಮಾಡ್ತಿದೀನಿ, ಗೆಲ್ಲೋಕೂ ಆಗ್ತಿಲ್ಲ, ವಾಪಸ್ ಬಂದು ಬಿಡ್ಲಾ ಅಂತ ಹೆಂಡತಿಗೆ ವಿಡಿಯೋ ಮೆಸೇಜ್ ಕಳಿಸಿದ್ದೆ ಅಂತ ಅವರೇ ಆಮೇಲೆ ಹೇಳ್ಕೊಂಡಿದಾರೆ. 41 ವರ್ಷ ಆಗ. ಆವತ್ತು ಬಿಟ್ಟು ಬಂದಿದ್ರೂ ಯಾರೂ ಏನೂ ಅಂತಿರ್ಲಿಲ್ಲ.

ಪಾರ್ಟ್ನರ್ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಒಳ್ಳೆ ಆಟಗಾರ, 2022ರಲ್ಲಿ ಮ್ಯಾಕ್ಸ್ ಪರ್ಸೆಲ್ ಜೊತೆ ವಿಂಬಲ್ಡನ್ ಡಬಲ್ಸ್ ಗೆದ್ದಿದ್ದೋರು, ಅದನ್ನ ನಾನೂ ಒಪ್ತೀನಿ. ಆದ್ರೆ ಅಂಥೋರು 43ರ ಹತ್ತಿರ ಇರೋ ಒಬ್ಬರ ಜೊತೆ ಸೀಸನ್ ಪೂರ್ತಿ ಆಡೋಕೆ ಒಪ್ಪಿದಾರೆ ಅಂದ್ರೆ ಆ ಸರ್ವ್, ಆ ರಿಟರ್ನ್ ನೋಡೇ ಒಪ್ಪಿರ್ತಾರೆ, ವಯಸ್ಸಿಗೆ ಮರ್ಯಾದೆ ಕೊಡೋಕೆ ಯಾರೂ ಟೂರ್‌ನಲ್ಲಿ ಜೋಡಿ ಕಟ್ಟಲ್ಲ. 2023ರಲ್ಲಿ ಇಬ್ಬರೂ ಸೇರಿ ಅಮೆರಿಕದ ಇಂಡಿಯನ್ ವೆಲ್ಸ್ ಟೂರ್ನಿ ಗೆದ್ರು, ಯುಎಸ್ ಓಪನ್ ಫೈನಲ್‌ಗೆ ಹೋದ್ರು. ಆ ಫೈನಲ್‌ನ ಮೂರನೇ ಸೆಟ್‌ನಲ್ಲಿ ಬಾಲ್ ನನ್ನ ಕೈಗೆ ಸವರಿ ಹೋಯ್ತು ಅಂತ ಬೋಪಣ್ಣ ತಾವಾಗೇ ಹೇಳಿ ಪಾಯಿಂಟ್ ಬಿಟ್ಕೊಟ್ರು. ಅಂಪೈರ್ ನೋಡಿರ್ಲಿಲ್ಲ, ಹೇಳ್ದೇ ಇದ್ರೆ ಗೊತ್ತೇ ಆಗ್ತಿರ್ಲಿಲ್ಲ, ಆ ಮ್ಯಾಚ್ ಸೋತ್ರು. ನಾಲ್ಕು ತಿಂಗಳಾದ್ಮೇಲೆ ಜನವರಿ 27, 2024ಕ್ಕೆ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿ ಇಟಲಿಯ ಬೊಲೆಲ್ಲಿ, ವಾವಾಸ್ಸೋರಿ ಜೋಡಿನ 7-6, 7-5ರಲ್ಲಿ ಸೋಲಿಸಿದ್ರು. ಮೆನ್ಸ್ ಡಬಲ್ಸ್‌ನಲ್ಲಿ ಅವರ ಮೊದಲ ಗ್ರ್ಯಾಂಡ್ ಸ್ಲಾಮ್ ಅದು. ಎರಡು ದಿನಕ್ಕೆ ನಂಬರ್ ಒನ್. ಆ ವರ್ಷ ಪದ್ಮಶ್ರೀನೂ ಬಂತು.

ಪ್ರಶ್ನೆ: ಅಷ್ಟು ಒಳ್ಳೆ ಸರ್ವ್ ಇದ್ದೋರು ಸಿಂಗಲ್ಸ್ ಯಾಕೆ ಆಡ್ಲಿಲ್ಲ? ಡಬಲ್ಸ್ ಅಂದ್ರೆ ಸಿಂಗಲ್ಸ್ ಬರದೇ ಇರೋರು ಆಡೋದು ಅಂತ ನನ್ನ ಫ್ರೆಂಡ್ ಹೇಳ್ತಾನೆ. (ದಾವಣಗೆರೆಯಿಂದ)

ಆಡಿದಾರೆ, ಚೆನ್ನಾಗೇ ಆಡಿದಾರೆ. 2007ರಲ್ಲಿ ಸಿಂಗಲ್ಸ್ ರ‍್ಯಾಂಕಿಂಗ್ 213ರ ತನಕ ಬಂದಿತ್ತು. ಆದ್ರೆ ಗ್ರ್ಯಾಂಡ್ ಸ್ಲಾಮ್ ಮೇನ್ ಡ್ರಾಗೆ, ಅಂದ್ರೆ ಮುಖ್ಯ ಹಂತಕ್ಕೆ, ನೇರವಾಗಿ ಎಂಟ್ರಿ ಬೇಕು ಅಂದ್ರೆ ಹೆಚ್ಚುಕಮ್ಮಿ ಟಾಪ್ 100 ಒಳಗೆ ಇರ್ಬೇಕು. 213ಕ್ಕೂ 100ಕ್ಕೂ ಮಧ್ಯ ಇರೋ ದಾರಿ ಬಹಳ ಕಷ್ಟದ್ದು, ಅದರಲ್ಲೂ ಮಂಡಿ ನೋವು, ಭುಜದ ನೋವು ಇಟ್ಕೊಂಡು ಬೇಸ್‌ಲೈನ್‌ನಲ್ಲಿ ಮೂರು ಗಂಟೆ ಓಡೋದು ಅಂದ್ರೆ. ಡಬಲ್ಸ್‌ನಲ್ಲಿ ಓಟ ಕಮ್ಮಿ, ಆದ್ರೆ ಯೋಚನೆ ಮಾಡೋಕೆ ಸಿಗೋ ಟೈಮೂ ಕಮ್ಮಿ. ನೆಟ್ ಹತ್ತಿರ ನಿಂತೋನಿಗೆ ಕಣ್ಣು ಮಿಟುಕಿಸೋ ಅಷ್ಟ್ರಲ್ಲಿ ಬಾಲ್ ಮುಖದ ಮುಂದೆ ಇರುತ್ತೆ. ತನ್ನ ದೇಹಕ್ಕೆ ಯಾವ ಆಟ ಒಗ್ಗುತ್ತೆ ಅಂತ ಸರಿಯಾಗಿ ಅಳೆದು ಅದಕ್ಕೇ ಪೂರ್ತಿ ಕೊಟ್ಟಿದ್ದು ಅವರ ಜಾಣತನ ಅಂತ ನಂಗನ್ಸುತ್ತೆ.

ನಿಮ್ಮ ಫ್ರೆಂಡ್‌ಗೆ 2010ರ ಸೆಪ್ಟೆಂಬರ್‌ನ ಚೆನ್ನೈ ಡೇವಿಸ್ ಕಪ್ (ದೇಶ ದೇಶಗಳ ಮಧ್ಯ ಐದು ಮ್ಯಾಚ್ ಆಡೋ ಟೂರ್ನಿ) ಬಗ್ಗೆ ಹೇಳಿ. ಬ್ರೆಜಿಲ್ ವಿರುದ್ಧ ಭಾರತ ಮೊದಲ ದಿನ ಎರಡೂ ಸಿಂಗಲ್ಸ್ ಸೋತು 0-2 ಆಗಿತ್ತು. ಪೇಸ್-ಭೂಪತಿ ಡಬಲ್ಸ್ ಗೆದ್ರು, ಸೋಮ್‌ದೇವ್ ದೇವ್‌ವರ್ಮನ್ ಆಡಿದ ಸಿಂಗಲ್ಸ್ ಮ್ಯಾಚ್‌ನಲ್ಲಿ ಎದುರಾಳಿ ಸುಸ್ತಾಗಿ ಬಿಟ್ಕೊಟ್ರು, 2-2. ಕೊನೇ ಮ್ಯಾಚ್ ಸಿಂಗಲ್ಸ್. ಬೋಪಣ್ಣ ಆ ಸೆಕೆಯಲ್ಲಿ ರಿಕಾರ್ಡೊ ಮೆಲ್ಲೊನ ಸ್ಟ್ರೇಟ್ ಸೆಟ್‌ನಲ್ಲಿ ಸೋಲಿಸಿದ್ರು. ನ್ಯೂಯಾರ್ಕ್‌ನ ಆ ಯುಎಸ್ ಓಪನ್ ಫೈನಲ್ ಸೋತು ಇನ್ನೂ ಹತ್ತು ದಿನ ಕೂಡ ಆಗಿರ್ಲಿಲ್ಲ ನೋಡಿ!

ಪ್ರಶ್ನೆ: ಇಬ್ಬರೂ ಸೇರಿ ಗೆದ್ದಿದ್ದು, ಬೋಪಣ್ಣ ಒಬ್ಬರೇ ಹೇಗೆ ನಂಬರ್ ಒನ್? (ಶಿರಸಿಯಿಂದ)

ಡಬಲ್ಸ್ ರ‍್ಯಾಂಕಿಂಗ್ ಜೋಡಿಗಲ್ಲ, ಆಟಗಾರನಿಗೆ. ಹಿಂದಿನ 52 ವಾರದಲ್ಲಿ ಯಾರ ಜೊತೆ ಆಡಿದ್ರೂ ಸರಿ ಪಾಯಿಂಟ್ಸ್ ನಿಮ್ಮ ಖಾತೆಗೆ ಬೀಳುತ್ತೆ. ಗ್ರ್ಯಾಂಡ್ ಸ್ಲಾಮ್ ಗೆದ್ರೆ 2000, ಫೈನಲ್ ಸೋತ್ರೆ 1200. ಒಂದು ವರ್ಷ ಆದ ತಕ್ಷಣ ಹಳೇ ಪಾಯಿಂಟ್ಸ್ ಉದುರಿ ಹೋಗುತ್ತೆ, ಅದಕ್ಕೆ ಹೋದ ವರ್ಷ ಗೆದ್ದ ಟೂರ್ನಿನ ಈ ವರ್ಷ ಮತ್ತೆ ಗೆಲ್ಲದಿದ್ರೆ ಕೆಳಗೆ ಜಾರೋದೇ. ಎಬ್ಡನ್ ಕೂಡ ಕೆಲವು ವಾರದಲ್ಲೇ ನಂಬರ್ ಒನ್ ಆದ್ರು, ಆಮೇಲೆ ಮಯಾಮಿ ಟೂರ್ನಿ ಗೆದ್ದು ಬೋಪಣ್ಣ ಮತ್ತೆ ಮೇಲೆ ಬಂದ್ರು.

ಪ್ರಶ್ನೆ: ನಂಗೆ 51 ವರ್ಷ, ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದಾರೆ. ಬೋಪಣ್ಣ ಯೋಗ ಮಾಡಿ ಮಂಡಿ ಸರಿ ಮಾಡ್ಕೊಂಡ್ರು ಅಂತ ಕೇಳಿದೆ, ಯಾವ ಯೋಗ? (ಮೈಸೂರಿನಿಂದ)

ಅಯ್ಯಂಗಾರ್ ಯೋಗ ಮೇಡಂ. ಆದ್ರೆ ಒಂದು ತಿದ್ದುಪಡಿ, ಮಂಡಿ ಸರಿಯಾಯ್ತು ಅಂತ ಅವರು ಹೇಳಿಲ್ಲ. ಮಂಡಿಯ ಕಾರ್ಟಿಲೇಜ್ (ಮೂಳೆಗಳ ಮಧ್ಯದ ಮೆತ್ತನೆ ಪದರ) ಪೂರ್ತಿ ಸವೆದು ಹೋಗಿತ್ತು, ದಿನಾ ಪೇನ್ ಕಿಲ್ಲರ್ ನುಂಗಿ ಕೋರ್ಟ್‌ಗೆ ಇಳೀತಿದ್ದೆ ಅಂತ ಹೇಳಿದಾರೆ. ಈ ಯೋಗ ಶುರು ಮಾಡಿದ್ಮೇಲೆ ಮಂಡಿ ಸುತ್ತ ಇರೋ ಸ್ನಾಯುಗಳು ಗಟ್ಟಿಯಾಗಿ ಭಾರ ಹೊರೋ ಹಾಗಾಯ್ತು, ಮಾತ್ರೆ ತಪ್ತು. ಸವೆದಿದ್ದು ವಾಪಸ್ ಬರಲ್ಲ, ಸುತ್ತ ಇರೋದನ್ನ ಬಲ ಮಾಡ್ಕೋಬಹುದು. ಇದರಲ್ಲಿ ಕುರ್ಚಿ, ಬೆಲ್ಟು, ಹಗ್ಗ, ದಿಂಬು ಎಲ್ಲ ಬಳಸಿ ನಿಧಾನಕ್ಕೆ ಆಸನದಲ್ಲಿ ನಿಲ್ಲಿಸ್ತಾರೆ, ಅದಕ್ಕೇ ನೋವಿರೋರಿಗೂ ಮಾಡೋಕಾಗೋದು. ಇದನ್ನ ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಲ್ಲಿ, ಯೋಗ ಕಲ್ತಿದ್ದು ನಿಮ್ಮ ಮೈಸೂರಲ್ಲೇ! ನಿಮ್ಮ ಡಾಕ್ಟರ್‌ಗೆ ಕೇಳಿ, ಸರಿಯಾಗಿ ಕಲಿತಿರೋ ಟೀಚರ್ ಹತ್ರಾನೇ ಹೋಗಿ, ವಿಡಿಯೋ ನೋಡ್ಕೊಂಡು ಮಾತ್ರ ಮಾಡ್ಬೇಡಿ.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ರಾಜ್ಯ ಮಟ್ಟದಲ್ಲಿ ಸೆಮಿಫೈನಲ್ ತನಕ ಹೋಗಿದಾನೆ. ಸ್ಕೂಲ್ ಬಿಡಿಸಿ ಫುಲ್ ಟೈಮ್ ಟೆನಿಸ್‌ಗೆ ಹಾಕಿ ಅಂತ ಕೋಚಿಂಗ್‌ನೋರು ಒತ್ತಾಯ ಮಾಡ್ತಿದಾರೆ. ಬೋಪಣ್ಣ ತರ ಆಗ್ತಾನೆ ಅಂತಾರೆ. ನಾವು ಸಂಬಳದ ಜನ. ಏನ್ ಮಾಡೋದು? (ತುಮಕೂರಿನಿಂದ)

ಈ ಪ್ರಶ್ನೆಗೆ ಉತ್ತರ ಬರೆಯೋಕೆ ನಂಗೆ ಮೂರು ದಿನ ಆಯ್ತು ಸರ್, ಯಾಕಂದ್ರೆ ನಮ್ಮ ಅಕ್ಕನ ಮಗಂದೂ ಇದೇ ಕಥೆ. ಅವನಿಗೆ 13 ಆದಾಗ ಒಂದು ಕಡೆ ಹೀಗೇ ಹೇಳಿದ್ರು, ನಮ್ಮ ಭಾವ ನಂಬಿ ಸ್ಕೂಲ್ ಬಿಡಿಸಿದ್ರು. ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು, ಸಂಜೆ ಮೂರು ಗಂಟೆ ಹೊತ್ತು ಪ್ರಾಕ್ಟೀಸು, ಬೆಳೆಯೋ ವಯಸ್ಸಿನ ಹುಡುಗ. ಒಂದೂವರೆ ವರ್ಷಕ್ಕೆ ಭುಜ ಹೋಯ್ತು. ಆಮೇಲೆ ಅಲ್ಲಿಂದ ಒಂದು ಫೋನ್ ಕೂಡ ಬರ್ಲಿಲ್ಲ. ಹುಡುಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸ್ ಮಾಡಿದ, ಈಗ ಚೆನ್ನಾಗಿದಾನೆ, ಆದ್ರೆ ಟೆನಿಸ್ ಮ್ಯಾಚ್ ಟಿವಿಲಿ ಬಂದ್ರೆ ಎದ್ದು ಹೋಗ್ತಾನೆ. ಅದು ನಂಗೆ ಇವತ್ತಿಗೂ ಸಂಕಟ.

ಬೋಪಣ್ಣ ಹೆಸರು ಹೇಳಿದ್ರಲ್ಲ, ಅವರು ಟೆನಿಸ್ ಶುರು ಮಾಡಿದ್ದೇ 11ನೇ ವರ್ಷಕ್ಕೆ. ಕೊಡಗಿನ ಕಾಫಿ ತೋಟದ ಮನೆ, ಮಗ ಒಬ್ಬನೇ ಆಡೋ ಆಟ ಆಡ್ಲಿ ಅನ್ನೋದು ಅವರ ತಂದೆ ಆಸೆ. ಪ್ರೊಫೆಷನಲ್ ಆಗಿದ್ದು 2003ರಲ್ಲಿ, ಅಷ್ಟೊತ್ತಿಗೆ 23 ವರ್ಷ. 12ಕ್ಕೇ ಎಲ್ಲ ತೀರ್ಮಾನ ಆಗ್ಬೇಕು ಅನ್ನೋರಿಗೆ ಇದನ್ನೇ ಹೇಳಿ.

ಇನ್ನು ದುಡ್ಡು. ಮೊದಲು ಎಐಟಿಎ, ಅಂದ್ರೆ ನಮ್ಮ ದೇಶದ ಟೆನಿಸ್ ಸಂಸ್ಥೆಯ ಟೂರ್ನಿಗಳು, ಟ್ಯಾಲೆಂಟ್ ಸೀರೀಸ್‌ನಿಂದ ನ್ಯಾಷನಲ್ ಸೀರೀಸ್ ತನಕ, ಅಂಡರ್ 12, 14, 16, 18. 13 ತುಂಬಿದ್ಮೇಲೆ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ) ಜೂನಿಯರ್ಸ್ ಆಡಬಹುದು. ಅದಾದ್ಮೇಲೆ ದೊಡ್ಡವರ ಎಂ15, ಎಂ25. ಎಂ15 ಅಂದ್ರೆ ಇಡೀ ಟೂರ್ನಿಗೆ ಸೇರಿ ಬಹುಮಾನ 15,000 ಡಾಲರ್, ಅದು ಎಲ್ಲಾ ಆಟಗಾರರಿಗೂ ಹಂಚಿ ಹೋಗ್ಬೇಕು, ಮೊದಲ ರೌಂಡ್ ಸೋತೋನಿಗೆ ಹೋಟೆಲ್ ಬಿಲ್ಲೂ ಹುಟ್ಟಲ್ಲ. ಇದರ ಮೇಲೆ ಚಾಲೆಂಜರ್, ಅದರ ಮೇಲೆ ಎಟಿಪಿ ಟೂರ್. ಪ್ರಯಾಣ, ಕೋಚ್ ಫೀಸು, ಫಿಸಿಯೋ, ರ‍್ಯಾಕೆಟ್ ಗಟ್ಟಿಂಗು (ತಂತಿ ಕಟ್ಟಿಸೋದು), ಶೂಸು, ಎಲ್ಲ ಕೈಯಿಂದಾನೇ. ಸುಮಿತ್ ನಾಗಲ್ ಭಾರತದ ನಂಬರ್ ಒನ್ ಸಿಂಗಲ್ಸ್ ಆಟಗಾರ ಆಗಿದ್ದಾಗ್ಲೇ 2023ರಲ್ಲಿ ನನ್ನ ಬ್ಯಾಂಕ್ ಅಕೌಂಟ್‌ನಲ್ಲಿ ಇರೋದು 900 ಯೂರೋ ಅಂತ ಬಾಯಿಬಿಟ್ಟು ಹೇಳಿದ್ರು. ಕೆಲವೇ ತಿಂಗಳಾದ್ಮೇಲೆ 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸೀಡೆಡ್ ಆಟಗಾರ (ಟೂರ್ನಿ ಶುರುವಾಗೋಕೆ ಮುಂಚೇನೇ ಮೇಲಿನ ಸಾಲಿಗೆ ಹಾಕಿದೋರು) ಬುಬ್ಲಿಕ್‌ನ ಸೋಲಿಸಿದ್ದು ಇದೇ ನಾಗಲ್. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯರೊಬ್ಬರು ಸೀಡ್ ಆಟಗಾರನ ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಆದ್ಮೇಲೆ ಅದೇ ಮೊದಲು. ಅಂಥವರದ್ದೇ ಈ ಪರಿಸ್ಥಿತಿ. ಅದೇ ಟೂರ್ನಿಲಿ ಸಿಂಗಲ್ಸ್ ಗೆದ್ದ ಸಿನ್ನರ್‌ಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್ ಬಂತು, ಬೋಪಣ್ಣ-ಎಬ್ಡನ್ ಜೋಡಿಗೆ ಇಬ್ಬರಿಗೂ ಸೇರಿ 7.3 ಲಕ್ಷ.

ಹಾಗಂತ ಟೆನಿಸ್ ಬಿಡಿಸಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಸ್ಕೂಲ್ ಬಿಡಿಸ್ಬೇಡಿ ಅಷ್ಟೇ. ಸ್ಕೂಲ್‌ನೋರ ಹತ್ರ ಹಾಜರಾತಿ ಬಗ್ಗೆ ಮಾತಾಡಿ, ಟೂರ್ನಿ ಇದ್ದಾಗ ರಜಾ ಕೊಡಲಿ. ಓದು ಕೈಲಿದ್ರೆ 18ಕ್ಕೆ ಇನ್ನೊಂದು ಬಾಗಿಲೂ ತೆರೆದಿರುತ್ತೆ, ಅಮೆರಿಕದ ಕಾಲೇಜ್ ಟೆನಿಸ್. ಸೋಮ್‌ದೇವ್ ದೇವ್‌ವರ್ಮನ್ ವರ್ಜೀನಿಯಾ ಯೂನಿವರ್ಸಿಟಿಲಿ ಸ್ಕಾಲರ್‌ಶಿಪ್ ಮೇಲೆ ಓದ್ತಾ 2007, 2008 ಎರಡೂ ವರ್ಷ ಅಲ್ಲಿನ ರಾಷ್ಟ್ರೀಯ ಕಾಲೇಜು ಸಿಂಗಲ್ಸ್ ಗೆದ್ದು ಆಮೇಲೆ ಟೂರ್‌ಗೆ ಬಂದ್ರು. ಇನ್ನು, ಊರ ಹತ್ರ ಟೂರ್ನಿ ನಡೆದಾಗ ಅವನನ್ನ ಕರ್ಕೊಂಡು ಹೋಗಿ. ಧಾರವಾಡ, ಕಲಬುರಗಿ, ಮಂಡ್ಯದಲ್ಲೆಲ್ಲ ಐಟಿಎಫ್ ಟೂರ್ನಿ ಆಗಿವೆ, ಬೆಂಗಳೂರಲ್ಲಿ ಕಬ್ಬನ್ ಪಾರ್ಕ್ ಒಳಗಿನ ರಾಜ್ಯ ಟೆನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎ ಕೋರ್ಟ್‌ನಲ್ಲಿ ಚಾಲೆಂಜರ್ ನಡೆಯುತ್ತೆ. ಸೋತು ಕೂತಿರೋ ಆಟಗಾರನ ಪಕ್ಕದಲ್ಲಿ ಮಗ ಹತ್ತು ನಿಮಿಷ ಕೂತು ಬರಲಿ, ಆಮೇಲೂ ಆಡ್ಬೇಕು ಅಂತ ಅವನೇ ಕೇಳಿದ್ರೆ ಆಡಿಸಿ.

ಪ್ರಶ್ನೆ: ಅಂಕಲ್, ನಾನು ಒಂಬತ್ತನೇ ಕ್ಲಾಸು, ಟೆನಿಸ್ ಈಗ ಕಲೀತಿದೀನಿ. ಬೋಪಣ್ಣ ಅವರ ಯಾವ ಮ್ಯಾಚ್ ನೋಡ್ಲಿ? (ವಿರಾಜಪೇಟೆಯಿಂದ)

2017ರ ಫ್ರೆಂಚ್ ಓಪನ್ ಮಿಕ್ಸೆಡ್ ಫೈನಲ್ ನೋಡು ಪುಟ್ಟಿ. ಮೊದಲ ಸೆಟ್ 2-6 ಸೋತು, ಎರಡನೇದು 6-2 ಗೆದ್ದು, ಮೂರನೇ ಸೆಟ್ ಬದಲು ಆಡೋ ಸೂಪರ್ ಟೈಬ್ರೇಕ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸ್ಕೊಂಡು 12-10ರಲ್ಲಿ ಗೆದ್ದಿದ್ದು. ಆಮೇಲೆ 2024ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನ ಮೊದಲ ಸೆಟ್ ಟೈಬ್ರೇಕ್. ಎದುರಾಳಿಗೆ ಒಂದೂ ಪಾಯಿಂಟ್ ಕೊಡದೆ 7-0, ಏಳೇ ಏಳು ಪಾಯಿಂಟು. ಮೊದಲ ಸಲ ಸುಮ್ನೆ ನೋಡು, ಎರಡನೇ ಸಲ ಬಾಲ್ ಬಿಟ್ಟು ಅವರ ಕಾಲನ್ನ ಮಾತ್ರ ನೋಡು. ಎಬ್ಡನ್ ಹೊಡೀತಿರುವಾಗ ಬೋಪಣ್ಣ ಎಲ್ಲಿಂದ ಎಲ್ಲಿಗೆ ಸರಿದು ನಿಂತ್ರು ಅಂತ ಒಂದು ನೋಟ್‌ಬುಕ್‌ನಲ್ಲಿ ಗೆರೆ ಹಾಕ್ಕೋ, ನಾಳೆ ನಿನ್ನ ಕೋಚ್‌ಗೆ ತೋರಿಸು.