ಓದುಗರ ಪ್ರಶ್ನೆ: ಮೊಲದ ಡಿಸ್ಕ್ ಚೇತರಿಸಿತು, ಮನುಷ್ಯರದ್ದು?

ಪ್ರಶ್ನೆ: ಅಪ್ಪನಿಗೆ 54 ವರ್ಷ. ಹರೆಯದಿಂದಲೂ ತೋಟದಲ್ಲಿ ಅಡಿಕೆ ಕೊನೆ ಹೊತ್ತವರು. ಎಂಆರ್‌ಐ ಮಾಡಿಸಿದಾಗ ಸೊಂಟದ ಎಲ್4–ಎಲ್5 ಮೂಳೆಗಳ ನಡುವಿನ ಡಿಸ್ಕ್ ಒಣಗಿದೆ ಎಂದರು. ಸ್ಟೆಮ್ ಸೆಲ್ ಚುಚ್ಚಿದರೆ ಡಿಸ್ಕ್ ಮತ್ತೆ ತುಂಬಿಕೊಳ್ಳುತ್ತದೆ, ಮೊಲಗಳಲ್ಲಿ ಸಾಬೀತಾಗಿದೆ ಎಂದು ಒಂದು ಕ್ಲಿನಿಕ್‌ನವರು ಎರಡೂವರೆ ಲಕ್ಷ ಕೇಳುತ್ತಿದ್ದಾರೆ. ಮಾಡಿಸಬಹುದೆ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಬೇಡ. ಮೊಲಗಳಲ್ಲಿ ಫಲ ಕಂಡಿದ್ದು ನಿಜ. ಆದರೆ ಆ ಪ್ರಯೋಗ ಹೇಗೆ ನಡೆಯುತ್ತದೆ ಎಂದು ತಿಳಿದರೆ ನಮ್ಮ ಉತ್ತರದ ಕಾರಣ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಮೊಲದ ಡಿಸ್ಕ್‌ಗೆ ಸೂಜಿ ಹಾಕಿ, ಒಳಗಿನ ಲೋಳೆಯಂಥ ತಿರುಳನ್ನು ಹೀರಿ ತೆಗೆಯುತ್ತಾರೆ. ಅದೇ ಮೊಲದ ಅಸ್ಥಿಮಜ್ಜೆಯಿಂದ ಸ್ಟೆಮ್ ಸೆಲ್‌ಗಳನ್ನು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳನ್ನು ಬೇರ್ಪಡಿಸಿ ಲ್ಯಾಬಿನಲ್ಲಿ ಬೆಳೆಸುತ್ತಾರೆ. ಕೆಲವು ವಾರ ಬಿಟ್ಟು, ಕೊಲಾಜೆನ್ ಜೆಲ್‌ನಲ್ಲಿ ಬೆರೆಸಿ ಡಿಸ್ಕ್‌ಗೆ ತುಂಬುತ್ತಾರೆ. ಜಪಾನಿನ ಟೊಕಾಯ್ ವಿಶ್ವವಿದ್ಯಾಲಯದ ಡೈಸುಕೆ ಸಕಾಯ್ ತಂಡ 2006ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, 24 ವಾರಗಳ ಬಳಿಕ ಕೋಶ ಪಡೆದ ಡಿಸ್ಕ್‌ಗಳ ಎತ್ತರ ಸಹಜಕ್ಕೆ ಹೋಲಿಸಿದರೆ ಸುಮಾರು ಶೇ 91ರಷ್ಟಿತ್ತು. ಕೋಶ ಕೊಡದವುಗಳಲ್ಲಿ ಸುಮಾರು ಶೇ 67.

ಇದು ಒಳ್ಳೆಯ ಫಲಿತಾಂಶವೇ. ಆದರೆ ಆ ಡಿಸ್ಕ್ ಕೆಟ್ಟದ್ದು ಸೂಜಿಯಿಂದ, ಅದೂ ಕೆಲವೇ ವಾರಗಳ ಹಿಂದೆ. ನಿಮ್ಮ ತಂದೆಯವರದ್ದು ದಶಕಗಳಿಂದ ನಿಧಾನವಾಗಿ ಸವೆದದ್ದು. ಇನ್ನೊಂದು ದೊಡ್ಡ ವ್ಯತ್ಯಾಸ ಕೋಶಗಳದ್ದು. ಭ್ರೂಣದ ಕಾಲದಿಂದ ಉಳಿದು ಬರುವ, ತಿರುಳನ್ನು ಚೆನ್ನಾಗಿ ಕಾಪಾಡುವ ನೋಟೋಕಾರ್ಡ್ ಕೋಶಗಳು ಮೊಲ, ಇಲಿಗಳಲ್ಲಿ ದೊಡ್ಡವಾದ ಮೇಲೂ ಇರುತ್ತವೆ. ಮನುಷ್ಯರಲ್ಲಿ ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಮಾಯವಾಗಿರುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಆಹಾರ. ಡಿಸ್ಕ್‌ನ ನಡುಭಾಗಕ್ಕೆ ರಕ್ತನಾಳವೇ ಇಲ್ಲ. ಮೇಲಿನ ಮತ್ತು ಕೆಳಗಿನ ಮೂಳೆಗೆ ಅಂಟಿಕೊಂಡಿರುವ ತೆಳು ಮೃದ್ವಸ್ಥಿಯ ಪದರದ ಮೂಲಕ ಗ್ಲೂಕೋಸ್, ಆಮ್ಲಜನಕ ಒಸರಿ ಒಳಗೆ ಬರಬೇಕು. ಮನುಷ್ಯರ ಸೊಂಟದ ಡಿಸ್ಕ್‌ನಲ್ಲಿ ಮಧ್ಯದ ಕೋಶಕ್ಕೂ ಹತ್ತಿರದ ರಕ್ತನಾಳಕ್ಕೂ 6ರಿಂದ 8 ಮಿಲಿಮೀಟರ್ ದೂರ. ಮೊಲದ್ದು ಇಡೀ ಡಿಸ್ಕೇ ಅದಕ್ಕಿಂತ ತೆಳು. ವಯಸ್ಸಾದಂತೆ ಆ ಪದರ ಗಟ್ಟಿಯಾಗಿ ದಾರಿ ಇನ್ನಷ್ಟು ಮುಚ್ಚುತ್ತದೆ, ಒಳಗೆ ಲ್ಯಾಕ್ಟಿಕ್ ಆಮ್ಲ ಉಳಿದುಕೊಳ್ಳುತ್ತದೆ. ಲ್ಯಾಬಿನ ಯಥೇಚ್ಛ ಆಮ್ಲಜನಕದಲ್ಲಿ ಬೆಳೆದ ಕೋಶಗಳನ್ನು ಅಂಥ ಜಾಗಕ್ಕೆ ಬಿಟ್ಟರೆ ಬಹುಪಾಲು ಸಾಯುತ್ತವೆ. ನೀರಿಲ್ಲದ ತೋಟಕ್ಕೆ ಸಸಿ ತುಂಬಿದ ಹಾಗೆ. ಹೆಚ್ಚು ಕೋಶ ಹಾಕಿದರೆ ಇದ್ದ ಆಹಾರವೂ ಬೇಗ ಮುಗಿಯುತ್ತದೆ.

ಇನ್ನು ಎಂಆರ್‌ಐ ವಿಷಯ. 50ರ ಆಸುಪಾಸಿನಲ್ಲಿ, ಬೆನ್ನುನೋವೇ ಇಲ್ಲದವರಲ್ಲೂ ಸುಮಾರು ಶೇ 80 ಮಂದಿಯ ಡಿಸ್ಕ್ ಸವೆದಿರುತ್ತದೆ. ಹಾಗಾಗಿ ಚಿತ್ರದಲ್ಲಿ ಕಪ್ಪಗೆ ಕಂಡ ಡಿಸ್ಕೇ ನೋವಿನ ಮೂಲ ಎನ್ನುವಂತಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ, ಫಿಸಿಯೋಥೆರಪಿ ಕೇಳಿ. ಮೂರು ತಿಂಗಳು ಬಿಡದೆ ವ್ಯಾಯಾಮ ಮಾಡಲಿ, ನಡೆಯಲಿ. ಹೊರೆ ಹೊರುವುದನ್ನು ಬೇರೆಯವರಿಗೆ ಬಿಡಲಿ. ಮೂತ್ರ ಕಟ್ಟಿದರೆ, ತೊಡೆಸಂದಿ ಮತ್ತು ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಓಡಬೇಕು.

ಕ್ಲಿನಿಕ್‌ನವರನ್ನು ಒಂದೇ ಮಾತು ಕೇಳಿ: ಸಿಟಿಆರ್‌ಐ (ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ, ಅಂದರೆ ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗಗಳ ಪಟ್ಟಿ) ನೋಂದಣಿ ಸಂಖ್ಯೆ ಎಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಸಲು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಅವಕಾಶ. ಟ್ರಯಲ್‌ಗೆ ರೋಗಿಯಿಂದ ಲಕ್ಷಗಟ್ಟಲೆ ಹಣ ಪಡೆಯುವಂತಿಲ್ಲ.

ಪ್ರಶ್ನೆ: ನಮ್ಮದೇ ಮಜ್ಜೆಯ ಕೋಶ ತಾನೆ? ಫಲ ಸಿಗದಿದ್ದರೂ ಹಾನಿಯಂತೂ ಇಲ್ಲವಲ್ಲ?
– ಶಿವಮೊಗ್ಗ ನಗರದ ಓದುಗರು

ಉತ್ತರ: ಇದೆ. ಡಿಸ್ಕ್ ಒಳಗೆ ಒತ್ತಡ ಹೆಚ್ಚು. ಸೂಜಿ ಹೊರತೆಗೆದ ದಾರಿಯಲ್ಲೇ ದ್ರಾವಣ ವಾಪಸ್ ಸೋರುತ್ತದೆ. 2012ರಲ್ಲಿ ವರದಿಯಾದ ಮೊಲದ ಪ್ರಯೋಗವೊಂದರಲ್ಲಿ ಹೀಗೆ ಸೋರಿದ ಕೋಶಗಳು ಡಿಸ್ಕ್‌ನ ಅಂಚಿನಲ್ಲಿ ಎಲುಬಿನ ಮೊಳಕೆಗಳೊಳಗೆ ಸಿಕ್ಕವು. ಡಿಸ್ಕ್ ಚೇತರಿಸಿದ ಗುರುತು ಇರಲಿಲ್ಲ. ಅದಕ್ಕೇ ಈಗಿನ ಪ್ರಯೋಗಗಳಲ್ಲಿ ಕೋಶಗಳನ್ನು ಹಿಡಿದಿಡುವ ಜೆಲ್, ತೆಳು ಸೂಜಿಗಳಿಗೆ ಅಷ್ಟು ಒತ್ತು. ಸೂಜಿಯ ಗಾಯವೂ ಸಣ್ಣದಲ್ಲ. ಪರೀಕ್ಷೆಗಾಗಿ ಡಿಸ್ಕ್‌ಗೆ ಸೂಜಿ ಹಾಕಿಸಿಕೊಂಡವರನ್ನು ಏಳರಿಂದ ಹತ್ತು ವರ್ಷದ ನಂತರ ನೋಡಿದ 2009ರ ಅಧ್ಯಯನದಲ್ಲಿ, ಚುಚ್ಚಿದ ಡಿಸ್ಕ್‌ಗಳಲ್ಲಿ ಶೇ 35 ಇನ್ನಷ್ಟು ಸವೆದಿದ್ದವು. ಚುಚ್ಚದವರಲ್ಲಿ ಶೇ 14.

ಪ್ರಶ್ನೆ: ನಮ್ಮ ಡ್ಯಾಶ್‌ಹಂಡ್ ನಾಯಿ ನಿನ್ನೆಯಿಂದ ಹಿಂಗಾಲು ಎಳೆಯುತ್ತಿದೆ. ಇದಕ್ಕಾದರೂ ಸ್ಟೆಮ್ ಸೆಲ್ ಉಪಯೋಗವೆ?
– ಸಾಗರದ ಓದುಗರು

ಉತ್ತರ: ಈಗ ಅದನ್ನು ಯೋಚಿಸುವ ಸಮಯವಲ್ಲ. ಈ ತಳಿಯಲ್ಲಿ ತಿರುಳು ಎಳೆಯ ವಯಸ್ಸಿನಲ್ಲೇ ಗಟ್ಟಿಯಾಗಿ, ಹಠಾತ್ತಾಗಿ ಹೊರಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಒತ್ತುತ್ತಿರುವ ಚೂರನ್ನು ಯಾವ ಕೋಶವೂ ತೆಗೆಯದು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಇವತ್ತೇ ಕರೆದೊಯ್ಯಿರಿ. ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ ಕಟ್ಟಿಕೊಳ್ಳಿ. ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಹಿಸುಕಿದಾಗ ನಾಯಿ ತಿರುಗಿ ನೋಡುತ್ತದೆಯೇ, ಕೂಗುತ್ತದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಬರೀ ಕಾಲು ಹಿಂತೆಗೆದರೆ ಅದು ನೋವು ತಿಳಿದ ಲೆಕ್ಕವಲ್ಲ. ನೋವು ತಿಳಿಯದಿದ್ದರೆ ಆಪರೇಷನ್ ತಡವಾದಷ್ಟೂ ನಡೆಯುವ ಆಸೆ ಕಡಿಮೆ. ಮನುಷ್ಯರ ಐಬುಪ್ರೊಫೇನ್ ಮಾತ್ರೆ ಕೊಡಲೇಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಕಡೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂದು ಬರೆದಿಟ್ಟುಕೊಂಡು ಹೋಗಿ. ಮೂತ್ರಕೋಶ ತುಂಬಿ ಬಿಗಿದಿದ್ದರೆ ಮೊದಲು ಅದನ್ನು ಖಾಲಿ ಮಾಡಬೇಕಾಗುತ್ತದೆ.