ಓಎಚ್‌ಎಲ್ಲಾ, ಕಾಲೇಜಾ? ಹದಿನಾರರ ಹುಡುಗನ ಒಂದು ಪ್ರಕರಣ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕುಟುಂಬದ ಒಪ್ಪಿಗೆ ಇದೆ.)

ಹುಡುಗನನ್ನು ನಿಶಾಂತ್ ಅಂತ ಕರೆಯೋಣ. ಹುಟ್ಟಿ ಬೆಳೆದಿದ್ದು ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ. ಅಪ್ಪ ಅಮ್ಮ ಹಾಸನದ ಕಡೆಯವರು. ಅಪ್ಪನಿಗೆ ಸಾಫ್ಟ್‌ವೇರ್ ಕೆಲಸ, ಅಮ್ಮನಿಗೆ ಫಾರ್ಮಸಿಯಲ್ಲಿ. ಒಬ್ಬಳು ತಂಗಿ. ನಿಶಾಂತ್ ಐಸ್ ಹಾಕಿಯಲ್ಲಿ ಡಿಫೆನ್ಸ್ ಆಡುತ್ತಾನೆ. ಊರಿನ ನೆಂಟರಿಗೆ ಇದನ್ನು ವಿವರಿಸಿ ಅಪ್ಪನಿಗೆ ಸಾಕಾಗಿ ಹೋಗಿದೆ. ಅಲ್ಲಿ ಹಾಕಿ ಅಂದರೆ ಕೊಡಗು, ಮೈದಾನ. ಮಂಜುಗಡ್ಡೆ ಮೇಲೆ ಯಾಕೆ ಆಡ್ತಾರೆ ಅಂತ ಸೋದರತ್ತೆ ಇವತ್ತಿಗೂ ಕೇಳ್ತಾರಂತೆ.

ಅವರು ಸಲಹೆ ಕೇಳಿಕೊಂಡು ನನ್ನ ಹತ್ತಿರ ಬಂದಿದ್ದು 2025ರ ಬೇಸಿಗೆಯಲ್ಲಿ. ಓಎಚ್‌ಎಲ್ ಅಂದರೆ ಒಂಟಾರಿಯೊದ ದೊಡ್ಡ ಜೂನಿಯರ್ ಹಾಕಿ ಲೀಗ್. ಅದರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಕೊನೆಕೊನೆಯ ಸುತ್ತಿನಲ್ಲಿ ಒಂದು ತಂಡ ಇವನನ್ನು ಆರಿಸಿಕೊಂಡಿತ್ತು. ತಂಡದ ಊರು ಮನೆಯಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ದೂರ. ಕ್ಯಾಂಪಿಗೆ ಬಾ, ಚೆನ್ನಾಗಿ ಆಡಿದರೆ ಸಹಿ ಹಾಕಿಸ್ತೀವಿ ಅಂದಿದ್ದರು. ಅಪ್ಪ ಹೋಗಲಿ ಅಂದರು. ಅಮ್ಮ ಬೇಡವೇ ಬೇಡ ಅಂದರು. ಮನೆ ಹತ್ತಿರದ ಜೂನಿಯರ್ ಎ (ಓಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಮಟ್ಟ) ತಂಡದಲ್ಲಿ ಆಡಿಕೊಂಡು ಹನ್ನೆರಡನೇ ಕ್ಲಾಸ್ ಮುಗಿಸಿ, ಆಮೇಲೆ ಅಮೆರಿಕದ ಕಾಲೇಜು ತಂಡಕ್ಕೆ ಹೋಗಲಿ ಅನ್ನುವುದು ಅವರ ಲೆಕ್ಕ. ಎರಡು ತಿಂಗಳಿಂದ ಮನೆಯಲ್ಲಿ ಇದೇ ಜಗಳ.

ಮೊದಲ ಭೇಟಿಯಲ್ಲಿ ಅಪ್ಪ ಲ್ಯಾಪ್‌ಟಾಪ್ ತೆಗೆದು ನನ್ನ ಮುಂದಿಟ್ಟರು. ಎಕ್ಸೆಲ್ ಶೀಟ್. ಐಸ್ ಫೀ, ಸ್ಕೇಟ್, ಸ್ಟಿಕ್, ಪೆಟ್ರೋಲು, ಟೂರ್ನಮೆಂಟಿನ ಹೋಟೆಲ್ ಬಿಲ್ಲು, ಎಲ್ಲ ವರ್ಷವಾರು. ಕೊನೆಯ ಕಾಲಂಗೆ 'ರಿಟರ್ನ್' ಅಂತ ತಲೆಬರಹ. ಆ ಕಾಲಂ ಖಾಲಿ ಇತ್ತು.

"ಅವನ ಮುಂದೆ ಅದನ್ನ ತೆಗೀಬೇಡಿ ಅಂತ ಎಷ್ಟು ಸಲ ಹೇಳೋದು ನಿಮಗೆ?" ಅಂದರು ಅಮ್ಮ.

ನಿಶಾಂತ್ ಬೆರಳಿಗೆ ಸುತ್ತಿದ್ದ ಟೇಪನ್ನು ಬಿಡಿಸುತ್ತಾ ಕೂತಿದ್ದ. ತಲೆ ಎತ್ತಲಿಲ್ಲ.

ಇಬ್ಬರ ಹೆದರಿಕೆಯೂ ಓಎಚ್‌ಎಲ್‌ನಲ್ಲಿ ಆಡಿದರೆ ಅಮೆರಿಕದ ಕಾಲೇಜು ತಂಡ ತಪ್ಪುತ್ತದೆ ಅನ್ನುವ ಹಳೇ ನಿಯಮದಿಂದ ಬಂದಿದ್ದು. ಹಾಗಾಗಿ ಮೊದಲು ಅದನ್ನೇ ಬಿಡಿಸಬೇಕಾಯಿತು. ಕೆನಡಾದಲ್ಲಿ ಮೂರು ದೊಡ್ಡ ಜೂನಿಯರ್ ಲೀಗ್‌ಗಳಿವೆ: ಒಂಟಾರಿಯೊದ ಓಎಚ್‌ಎಲ್, ಪಶ್ಚಿಮದ ಡಬ್ಲ್ಯುಎಚ್‌ಎಲ್, ಕ್ವಿಬೆಕ್ ಮತ್ತು ಪೂರ್ವದ ಕಡಲತೀರದ ಕ್ಯೂಎಂಜೆಎಚ್‌ಎಲ್. ಮೂರೂ ಸೇರಿ ಸಿಎಚ್‌ಎಲ್. ಅಲ್ಲಿ ಹುಡುಗರಿಗೆ ಕೈಖರ್ಚಿಗೆ ಸ್ವಲ್ಪ ಹಣ ಕೊಡುತ್ತಾರೆ. ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ದೊಡ್ಡ ವೃತ್ತಿಪರ ಲೀಗ್) ಜೊತೆ ಆಗಲೇ ಒಪ್ಪಂದ ಆದ ಕೆಲವರೂ ಅಲ್ಲೇ ಆಡುತ್ತಾರೆ. ಅದಕ್ಕೇ ಅಮೆರಿಕದ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ, ಸಿಎಚ್‌ಎಲ್ ಹುಡುಗರನ್ನೆಲ್ಲ ವೃತ್ತಿಪರರು ಅಂತಲೇ ನೋಡುತ್ತಿತ್ತು. ಹದಿನಾರನೇ ವಯಸ್ಸಿನಲ್ಲಿ ಓಎಚ್‌ಎಲ್‌ನ ವಿಂಡ್ಸರ್ ತಂಡಕ್ಕೆ ಎರಡೇ ಎರಡು ಪ್ರದರ್ಶನ ಪಂದ್ಯ ಆಡಿದ್ದಕ್ಕೆ ಒಬ್ಬ ಹುಡುಗನಿಗೆ ಕಾಲೇಜು ಹಾಕಿಯ ಬಾಗಿಲು ಮುಚ್ಚಿತು. 2024ರ ಆಗಸ್ಟ್‌ನಲ್ಲಿ ಅವನ ಕಡೆಯವರು ಬಫಲೋದಲ್ಲಿ ಕೇಸ್ ಹಾಕಿದರು. ಅದೇ ವರ್ಷ ನವೆಂಬರ್‌ನಲ್ಲಿ ಎನ್‌ಸಿಎಎ ನಿಯಮ ಬದಲಾಯಿಸಿತು. 2025ರ ಆಗಸ್ಟ್ 1ರಿಂದ ಸಿಎಚ್‌ಎಲ್‌ನಲ್ಲಿ ಆಡಿದವರೂ ಡಿವಿಷನ್ ಒಂದರ, ಅಂದರೆ ಮೇಲ್ಮಟ್ಟದ, ಕಾಲೇಜು ತಂಡಕ್ಕೆ ಸೇರಬಹುದು. ನಿಜವಾದ ಖರ್ಚಿಗಿಂತ ಹೆಚ್ಚು ಹಣ ಪಡೆದಿರಬಾರದು, ಅಷ್ಟೇ. ಆ ಜುಲೈನಲ್ಲೇ ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ತಂಡದ ಹೆಸರಾಂತ ಹುಡುಗ ಗ್ಯಾವಿನ್ ಮೆಕೆನ್ನಾ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಹೋಗ್ತೀನಿ ಅಂತ ಹೇಳಿ ಎಲ್ಲರ ಬಾಯಲ್ಲೂ ಅದೇ ಮಾತಾಗಿತ್ತು.

"ಹಾಗಾದ್ರೆ ಓಎಚ್‌ಎಲ್‌ಗೆ ಹೋದ್ರೂ ಕಾಲೇಜು ತಪ್ಪಲ್ಲ, ಅಲ್ವಾ ಮೇಡಂ?" ಅಂದರು ಅಪ್ಪ. ಗೆದ್ದ ಮುಖ.

ತಪ್ಪಲ್ಲ, ಆದರೆ ಸುಲಭವೂ ಅಲ್ಲ ಅಂದೆ. ಬಾಗಿಲು ತೆಗೆದರೆ ಎಲ್ಲರೂ ಒಳಗೆ ನುಗ್ತಾರೆ. ಕಾಲೇಜು ಕೋಚ್‌ಗಳಿಗೆ ಈಗ ಇಪ್ಪತ್ತರ, ಸಿಎಚ್‌ಎಲ್‌ನಲ್ಲಿ ಪಳಗಿದ ಆಟಗಾರ ಸಿಗುತ್ತಾನೆ. ಹದಿನೆಂಟರ ಎಳೆ ಹುಡುಗನಿಗೆ ಯಾಕೆ ಜಾಗ ಕೊಡಬೇಕು? ಅಮ್ಮನ ಲೆಕ್ಕಕ್ಕೂ ಇದು ಹೊಡೆತವೇ. ಜೂನಿಯರ್ ಎ ಮುಗಿಸಿ ನೇರ ಕಾಲೇಜಿಗೆ ಅನ್ನುವ ಹಳೇ ದಾರಿಯಲ್ಲಿ ಈಗ ನೂಕುನುಗ್ಗಲು.

ಇನ್ನೂ ಒಂದು ಮಾತು ಹೇಳಬೇಕಿತ್ತು. ಅಮ್ಮನ ತಲೆಯಲ್ಲಿ ಕಾಲೇಜು ಹಾಕಿ ಅಂದರೆ ಅಮೆರಿಕ ಮಾತ್ರ. ಕೆನಡಾದ ಯೂನಿವರ್ಸಿಟಿಗಳಿಗೂ ಯು ಸ್ಪೋರ್ಟ್ಸ್ ಅನ್ನುವ ಕೂಟ ಇದೆ, ಸಿಎಚ್‌ಎಲ್ ಮುಗಿಸಿದವರು ಬಹಳ ಜನ ಮೊದಲಿಂದಲೂ ಅಲ್ಲೇ ಆಡಿದ್ದಾರೆ. ನ್ಯೂ ಬ್ರನ್ಸ್‌ವಿಕ್ ಯೂನಿವರ್ಸಿಟಿ ತಂಡ 2023-24ರಲ್ಲಿ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಓಎಚ್‌ಎಲ್ ಕೊಡುವ ಓದಿನ ಹಣ ಅಲ್ಲಿಗೂ ಸಲ್ಲುತ್ತದೆ. ಈ ದಾರಿಯ ಬಗ್ಗೆ ನಮ್ಮ ಕನ್ನಡ ಕುಟುಂಬಗಳಲ್ಲಿ ಮಾತೇ ಬರಲ್ಲ. ಅಮೆರಿಕದ ಹೆಸರು ಹೇಳಿದರೆ ನೆಂಟರ ಮುಂದೆ ತೂಕ ಜಾಸ್ತಿ, ಅದಕ್ಕೇ ಇರಬೇಕು.

ಆಮೇಲೆ ನಿಶಾಂತ್ ಜೊತೆ ಒಬ್ಬನೇ ಇದ್ದಾಗ ಮಾತಾಡಿದೆ. ಅರ್ಧ ಇಂಗ್ಲಿಷ್, ಅರ್ಧ ಮನೆಯ ಕನ್ನಡ. ಓಎಚ್‌ಎಲ್‌ಗೆ ಹೋಗಬೇಕು ಅಂದ. ಯಾಕೆ ಅಂದೆ. ಆಟ ಚೆನ್ನಾಗಿರುತ್ತೆ, ಸ್ಕೌಟ್‌ಗಳು (ದೊಡ್ಡ ತಂಡಗಳಿಗೆ ಆಟಗಾರರನ್ನು ಹುಡುಕುವವರು) ಬರ್ತಾರೆ ಅಂತ ಬಾಯಿಪಾಠ ಒಪ್ಪಿಸಿದ. ಆಟ ಬಿಟ್ಟು ಬೇರೆ ಏನು ಬದಲಾಗುತ್ತೆ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ.

"ಅಪ್ಪನ ಕಾರಲ್ಲಿ ಮನೆಗೆ ಬರಬೇಕಾಗಿಲ್ಲ, ಆಂಟಿ."

ರಿಂಕ್‌ನಿಂದ ಮನೆಗೆ ಬರುವ ದಾರಿ ಇವನಿಗೆ ಆಟಕ್ಕಿಂತ ಉದ್ದ. ಎರಡನೇ ಪೀರಿಯಡ್‌ನಲ್ಲಿ ಪಕ್ ಯಾಕೆ ಬಿಟ್ಟೆ? ಕೋಚ್ ನಿನ್ನನ್ನ ಯಾಕೆ ಕೂರಿಸಿದ? ಆ ಶರ್ಮಾ ಅವರ ಹುಡುಗ ನೋಡು. ಅಪ್ಪ ಬೈಯಲ್ಲ, ಸಿಟ್ಟು ಮಾಡಲ್ಲ. ಸುಮ್ನೆ ವಿಶ್ಲೇಷಣೆ. ಸೋತ ದಿನವೂ, ಗೆದ್ದ ದಿನವೂ. ಒಂದು ಸಲ ಸಿಗ್ನಲ್‌ನಲ್ಲಿ ನಿಂತಾಗ ಕಾರಿನಿಂದ ಇಳಿದು ನಡೆದುಬಿಡೋಣ ಅನಿಸಿತಂತೆ. ಚಳಿ ಅಂತ ಇಳಿಯಲಿಲ್ಲ ಅಂತ ಹೇಳಿ ನಕ್ಕ.

ಹಾಗಾದರೆ ಈ ಹುಡುಗನಿಗೆ ಬೇಕಾಗಿರುವುದು ಓಎಚ್‌ಎಲ್ಲೋ, ಬೇರೆ ಕಾರೋ? ಎರಡೂ ಇರಬಹುದು. ಆದರೆ ಕಾರಿನಿಂದ ತಪ್ಪಿಸಿಕೊಳ್ಳಲು ಯಾರೂ ನಾಲ್ಕು ಗಂಟೆ ದೂರದ ಊರಿಗೆ ಸಹಿ ಹಾಕಬಾರದು. ಅಲ್ಲಿ 68 ಪಂದ್ಯ, ರಾತ್ರಿ ಬಸ್ಸು, ಹೊಸ ಹೈಸ್ಕೂಲು, ಅಪರಿಚಿತರ ಮನೆ. ಕಷ್ಟ ಬಂದಾಗ ಹಿಡಿದುಕೊಳ್ಳಲು ಆಟದ ಆಸೆ ಬೇಕು. ತಪ್ಪಿಸಿಕೊಂಡ ಖುಷಿ ಡಿಸೆಂಬರ್‌ವರೆಗೂ ಉಳಿಯಲ್ಲ.

ಅಪ್ಪನಿಗೆ ಕೊಟ್ಟ ಸಲಹೆ ಚಿಕ್ಕದು. ಅಭ್ಯಾಸ ಇರಲಿ, ಪಂದ್ಯ ಇರಲಿ, ಕಾರಿನಲ್ಲಿ ಆಟದ ಮಾತು ಬೇಡ. ಮಗ ತಾನಾಗಿ ಎತ್ತಿದರೆ ಉತ್ತರ ಕೊಡಿ. ಇಲ್ಲದಿದ್ದರೆ ಮಾರನೇ ದಿನದವರೆಗೆ ಕಾಯಿರಿ. ಆ ಎಕ್ಸೆಲ್ ಫೈಲಿನ ಕೊನೆಯ ಕಾಲಂ ಅಳಿಸಿಬಿಡಿ. ಸಹಿ ಹಾಕುವ ವಿಷಯ ಕ್ಯಾಂಪ್ ಮುಗಿಯುವವರೆಗೆ ಮನೆಯಲ್ಲಿ ಎತ್ತಬೇಡಿ. ಅವರು ಬೇಸರ ಮಾಡಿಕೊಂಡರು. "ನಾನು ಹೇಳಿಕೊಡದೆ ಇದ್ರೆ ಇನ್ಯಾರು ಹೇಳಿಕೊಡ್ತಾರೆ?" ಅಂದರು. ಕೋಚ್‌ಗೆ ಅದಕ್ಕೇ ದುಡ್ಡು ಕೊಡ್ತಾ ಇದ್ದೀರಲ್ಲ, ಶೀಟಿನಲ್ಲೇ ಇದೆ ಅಂದೆ. ಅಮ್ಮ ಜೋರಾಗಿ ನಕ್ಕರು, ಅದು ಅಷ್ಟು ಸಹಾಯ ಮಾಡಲಿಲ್ಲ.

ಅಮ್ಮನ ಚಿಂತೆ ಬೇರೆ. "ಆ ಮನೇಲಿ ಅವನಿಗೆ ಊಟ ಯಾರು ಹಾಕ್ತಾರೆ?" ದೂರದ ಹುಡುಗರನ್ನು ತಂಡವೇ ಸ್ಥಳೀಯ ಮನೆಗಳಲ್ಲಿ ಇರಿಸುತ್ತದೆ, ಬಿಲೆಟ್ ಕುಟುಂಬ ಅಂತಾರೆ. ತಾವು ಸಸ್ಯಾಹಾರಿಗಳು ಅಂತ ಅಮ್ಮ ಬಹಳ ಹೊತ್ತು ಹೇಳಿದರು. ಮಗ ಟೂರ್ನಮೆಂಟಿಗೆ ಹೋದಾಗಲೆಲ್ಲ ಚಿಕನ್ ತಿನ್ನುತ್ತಾನೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಅದು ಅವನ ಮಾತು. ಆದರೆ ಊಟ, ಮಲಗುವ ಕೋಣೆ, ಮನೆಯಲ್ಲಿ ಇನ್ಯಾರು ಇರ್ತಾರೆ, ಹುಷಾರಿಲ್ಲದಾಗ ಯಾರು ಕರೆದುಕೊಂಡು ಹೋಗ್ತಾರೆ, ಇದನ್ನೆಲ್ಲ ತಂಡಕ್ಕೆ ಕೇಳಲು ಸಂಕೋಚ ಬೇಡ ಅಂದೆ. ಸಹಿ ಹಾಕುವ ಮುಂಚೆ ಆ ಮನೆಗೆ ಒಂದು ಸಲ ಹೋಗಿ ಬನ್ನಿ ಅಂತಲೂ ಹೇಳಿದೆ.

ಇವರ ಜೊತೆ ಒಬ್ಬರು ಫ್ಯಾಮಿಲಿ ಅಡ್ವೈಸರ್ ಇದ್ದರು. ಹೆಸರು ಹಾಗೆ, ಕೆಲಸ ಏಜೆಂಟ್‌ನದು. ಏಜೆಂಟ್ ಇದ್ದರೆ ಎನ್‌ಸಿಎಎಯಲ್ಲಿ ತೊಂದರೆ ಅಂತ ಹಾಕಿ ಜಗತ್ತು ಕಂಡುಕೊಂಡ ಹೆಸರು ಅದು. ಈ ವರ್ಷ ಸಹಿ ಹಾಕದಿದ್ದರೆ ಮುಗೀತು ಅಂತ ಅವರು ಹೆದರಿಸಿದ್ದರು. ಹಾಗೇನಿಲ್ಲ. ಡ್ರಾಫ್ಟ್ ಮಾಡಿದ ತಂಡದ ಹತ್ತಿರ ಹುಡುಗನ ಹಕ್ಕು ಉಳಿದಿರುತ್ತದೆ. ಕೊನೆಯ ಸುತ್ತುಗಳಲ್ಲಿ ಬಂದವರು ಹದಿನಾರರಲ್ಲಿ ಮನೆ ಹತ್ತಿರ ಆಡಿ, ಹದಿನೇಳಕ್ಕೆ ತಂಡ ಸೇರುವುದು ಮಾಮೂಲು. ಹದಿನಾರರಲ್ಲೇ ಸೇರಿದವರು ಎಷ್ಟೋ ಸಲ ಜರ್ಸಿ ಹಾಕದೆ ಮೇಲೆ ಕೂತು ಪಂದ್ಯ ನೋಡುತ್ತಾರೆ. ಬೆಳೆಯುವ ವಯಸ್ಸಿನ ಡಿಫೆನ್ಸ್ ಹುಡುಗನಿಗೆ ಐಸ್ ಮೇಲಿನ ನಿಮಿಷಕ್ಕಿಂತ ದೊಡ್ಡದು ಯಾವುದೂ ಇಲ್ಲ. ಹಾಗಾಗಿ ತಂಡಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ: ಕಳೆದ ವರ್ಷದ ಡಿಫೆನ್ಸ್‌ನವರಲ್ಲಿ ಎಷ್ಟು ಜನ ವಾಪಸ್ ಬರ್ತಿದ್ದಾರೆ, ಇವನು ಎಷ್ಟನೆಯವನು? ಇದಕ್ಕೆ ನೇರ ಉತ್ತರ ಬರದಿದ್ದರೆ ಅದೇ ಉತ್ತರ.

ಓದಿನ ಹಣದ ಬಗ್ಗೆ ಅಪ್ಪನಿಗೆ ಬಾಯಿಮಾತಿನ ಮಾಹಿತಿ ಇತ್ತು: ಒಂದು ಸೀಸನ್ ಆಡಿದರೆ ಒಂದು ವರ್ಷದ ಯೂನಿವರ್ಸಿಟಿ ಫೀಸು. ಸ್ಥೂಲವಾಗಿ ಸರಿ. ಆದರೆ ಕಾಗದ ಓದದೆ ಅದನ್ನು ನಂಬಬಾರದು. ಮಧ್ಯದಲ್ಲಿ ಕೈಬಿಟ್ಟರೆ ಆ ಸೀಸನ್ ಲೆಕ್ಕಕ್ಕೆ ಬರುತ್ತಾ? ಬೇರೆ ತಂಡಕ್ಕೆ ಟ್ರೇಡ್ ಮಾಡಿದರೆ ಯಾರು ಕೊಡ್ತಾರೆ? ಯಾವಾಗಿನೊಳಗೆ ಬಳಸಬೇಕು? ಫೀಸು ಮಾತ್ರವಾ, ಪುಸ್ತಕ ಹಾಸ್ಟೆಲ್ ಸೇರಿದೆಯಾ? ವೃತ್ತಿಪರ ಒಪ್ಪಂದ ಮಾಡಿಕೊಂಡರೆ ಉಳಿಯುತ್ತಾ? ಅಡ್ವೈಸರ್ ಗೊತ್ತುಮಾಡಿಕೊಟ್ಟ ವಕೀಲರಲ್ಲ, ನೀವೇ ಹುಡುಕಿದ ವಕೀಲರಿಗೆ ತೋರಿಸಿ ಅಂದೆ.

ನಿಶಾಂತ್‌ಗೆ ಕೊಟ್ಟ ಸಲಹೆಯಲ್ಲಿ ಗಣಿತ ಇತ್ತು. ಎಲ್ಲೇ ಆಡು, ಓದನ್ನು ಸಡಿಲ ಬಿಡಬೇಡ. ಎನ್‌ಸಿಎಎ ಡಿವಿಷನ್ ಒಂದಕ್ಕೆ ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್, ಅಂದರೆ ಮುಖ್ಯ ವಿಷಯದ ಕೋರ್ಸ್, ಬೇಕು. ಅದರಲ್ಲಿ ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ವಿಜ್ಞಾನ ಎರಡು. ಗ್ರೇಡಿನ ಸರಾಸರಿ ನಾಲ್ಕಕ್ಕೆ ಕನಿಷ್ಠ 2.3. ಅದು ಅರ್ಹತೆಗೆ ಮಾತ್ರ, ಒಳ್ಳೆಯ ಕಾಲೇಜುಗಳು ಕೇಳುವುದು ಇನ್ನೂ ಜಾಸ್ತಿ. ಕಷ್ಟ ಅಂತ ಅವನು ಹನ್ನೊಂದನೇ ಕ್ಲಾಸಿನ ಯೂನಿವರ್ಸಿಟಿ ಮಟ್ಟದ ಗಣಿತ ಬಿಟ್ಟು ಸುಲಭದ್ದು ತಗೊಳ್ಳಲು ಹೊರಟಿದ್ದ. ಹಾಕಿ ಒಪ್ಪಂದಕ್ಕಿಂತ ಆ ಒಂದು ಕೋರ್ಸ್ ಜಾಸ್ತಿ ಬಾಗಿಲು ಮುಚ್ಚುತ್ತಿತ್ತು. ಅದರ ಬಗ್ಗೆ ಮನೆಯಲ್ಲಿ ಒಂದು ದಿನವೂ ಮಾತಾಗಿರಲಿಲ್ಲ.

ಅವನಿಗೆ ಇನ್ನೊಂದು ಕೆಲಸ ಕೊಟ್ಟೆ. ಕಾರು ಶಾಂತವಾದ ಮೇಲೂ ಓಎಚ್‌ಎಲ್ ಬೇಕು ಅನಿಸುತ್ತಾ ನೋಡು. ಅನಿಸಿದರೆ ಅದು ನಿಜವಾದ ಆಸೆ.

ಅಪ್ಪ ಮಾತು ಉಳಿಸಿಕೊಂಡರು, ಬಹುಮಟ್ಟಿಗೆ. ಒಂದೆರಡು ಸಲ ಜಾರಿದಾಗ ಹಿಂದಿನ ಸೀಟಿನಿಂದ ತಂಗಿ ಎಚ್ಚರಿಸಿದಳಂತೆ. ಈ ಹುಡುಗಿಯ ಭರತನಾಟ್ಯ ಕ್ಲಾಸು ಅಣ್ಣನ ಅಭ್ಯಾಸದ ಸಮಯಕ್ಕೆ ಅಡ್ಡ ಬರುತ್ತೆ ಅಂತ ಹಿಂದಿನ ವರ್ಷ ನಿಂತಿತ್ತು. ಇದನ್ನು ಯಾರೂ ಹೇಳಿರಲಿಲ್ಲ, ಮಾತಿನ ಮಧ್ಯೆ ಹೊರಬಿತ್ತು. ಮತ್ತೆ ಸೇರಿಸಿ ಅಂದೆ. ಅಣ್ಣನನ್ನು ಕರೆತರಲು ತಂಡದ ಇನ್ನೊಂದು ಮನೆಯವರ ಜೊತೆ ಸರದಿ ಮಾಡಿಕೊಂಡರು. ವಾರಕ್ಕೆ ಎರಡು ದಿನ ನಿಶಾಂತ್ ಗೆಳೆಯನ ಮನೆಯವರ ಕಾರಲ್ಲಿ ಬರುತ್ತಾನೆ. ಅವನಿಗೆ ಅದೇ ದೊಡ್ಡ ಲಾಭ.

ಆಗಸ್ಟ್ ಕೊನೆಯಲ್ಲಿ ಕ್ಯಾಂಪಿಗೆ ಹೋದ. ಆಟದಲ್ಲಿ ಹಿಂದೆ ಬೀಳಲಿಲ್ಲ. ಆದರೆ ಹದಿನೆಂಟು, ಹತ್ತೊಂಬತ್ತರವರ ಪಕ್ಕ ಮೈಕಟ್ಟು ಸಾಲದು ಅಂತ ಅವನಿಗೇ ಅನಿಸಿತು. ಡಿಫೆನ್ಸ್‌ನಲ್ಲಿ ಹಳಬರು ಹೆಚ್ಚುಕಡಿಮೆ ಎಲ್ಲರೂ ವಾಪಸ್ ಬಂದಿದ್ದರು. ತಂಡದವರೂ ಅವಸರ ಮಾಡಲಿಲ್ಲ. ಈ ವರ್ಷ ಮನೆ ಹತ್ತಿರ ಜೂನಿಯರ್ ಎ ಆಡ್ತೀನಿ, ಮುಂದಿನ ವರ್ಷ ಹೋಗಬೇಕು ಅಂತ ಅವನೇ ಹೇಳಿದ. ಅಪ್ಪನಿಗೆ ನಿರಾಸೆ ಆಯಿತು, ಅದನ್ನು ಮಗನ ಮುಂದೆ ತೋರಿಸದೆ ನನ್ನ ಮುಂದೆ ತೋರಿಸಿದರು. ಅಮ್ಮ ಗೆದ್ದೆ ಅಂದುಕೊಂಡಿದ್ದರು. 'ಮುಂದಿನ ವರ್ಷ' ಅನ್ನುವುದನ್ನು ಅವರಿಗೆ ಎರಡು ಸಲ ನೆನಪಿಸಬೇಕಾಯಿತು.

ಗಣಿತ ಬಿಟ್ಟಿಲ್ಲ, ಟ್ಯೂಷನ್ ಹಾಕಿಸಿದ್ದಾರೆ. ಇವರ ಮುಂದಿನ ಭೇಟಿ ಮೇ ತಿಂಗಳಲ್ಲಿ, ತಂಡದಿಂದ ಮತ್ತೆ ಕರೆ ಬರುವ ಮುಂಚೆ. ನಾಲ್ಕೂ ಜನ ಬನ್ನಿ, ಅಡ್ವೈಸರ್ ಬೇಡ ಅಂತ ಹೇಳಿದ್ದೇನೆ.