ಓದುಗರ ಪ್ರಶ್ನೆ: ಚುಚ್ಚದ, ಜಾರದ ಹೋಲ್‌ಸ್ಟರ್ ಆರಿಸುವುದು ಹೇಗೆ?

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಹೋಲ್‌ಸ್ಟರ್, ಅಂದರೆ ಗನ್ ಇಟ್ಟುಕೊಳ್ಳುವ ಒರೆಯ ಬಗ್ಗೆಯೇ. ಗನ್ನನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಲು ಪರವಾನಗಿ ಬೇಕಾ, ಎಲ್ಲೆಲ್ಲಿ ಒಯ್ಯಬಾರದು ಎನ್ನುವುದು ಒಂದೊಂದು ಕಡೆ ಒಂದೊಂದು ಥರ. ಅದನ್ನು ನಿಮ್ಮಲ್ಲಿ ಪರವಾನಗಿ ಕೊಡುವವರ ಹತ್ತಿರವೇ ಕೇಳಿ ತಿಳಿದುಕೊಂಡು ಆಮೇಲೆ ಮುಂದೆ ಓದಿ.

ಪ್ರಶ್ನೆ: ಹೊಸದಾಗಿ ಪಿಸ್ತೂಲು ತೆಗೆದುಕೊಂಡಿದ್ದೇನೆ, ಪರವಾನಗಿಯೂ ಇದೆ. ಯಾವ ಗನ್ನಿಗಾದರೂ ಹೊಂದುತ್ತದೆ ಎನ್ನುವ ಬಟ್ಟೆಯ ಹೋಲ್‌ಸ್ಟರ್ ಒಂದು ಸಿಕ್ಕಿದೆ. ಮೆತ್ತಗಿದೆ, ಹಾಕಿಕೊಂಡಿದ್ದೇ ಗೊತ್ತಾಗುವುದಿಲ್ಲ. ಇದು ಸಾಕಲ್ವಾ?

ಉತ್ತರ: ಸಾಲದು. ದಯವಿಟ್ಟು ಅದನ್ನು ವಾಪಸ್ ಕೊಟ್ಟುಬಿಡಿ.

ಹೋಲ್‌ಸ್ಟರ್ ಎಲ್ಲಕ್ಕಿಂತ ಮೊದಲು ಕಾಯಬೇಕಾದದ್ದು ಟ್ರಿಗರನ್ನು. ಗನ್ ಕಾಣದಿರುವುದು, ಸೊಂಟಕ್ಕೆ ಹಿತವಾಗಿರುವುದು ಎಲ್ಲ ಆಮೇಲಿನ ಮಾತು. ಈಗಿನ ಸ್ಟ್ರೈಕರ್ ಪಿಸ್ತೂಲುಗಳಲ್ಲಿ (ಹೊರಗೆ ಸುತ್ತಿಗೆ ಕಾಣದೆ, ಒಳಗಿನ ಸ್ಪ್ರಿಂಗ್ ಸೂಜಿಯೇ ಗುಂಡಿಗೆ ಬಡಿಯುವಂಥವು) ಹಲವಕ್ಕೆ ಹೆಬ್ಬೆರಳಿನಿಂದ ಹಾಕುವ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಗುಂಡಿ, ಇರುವುದಿಲ್ಲ. ಗ್ಲಾಕ್ ಕಂಪನಿಯ ಪಿಸ್ತೂಲು ನೋಡಿ, ಹೊರಗೆ ಕಾಣುವ ಅದರ ಸೇಫ್ಟಿ ಟ್ರಿಗರಿನ ಮೇಲೆಯೇ ಇರುವ ಒಂದು ಸಣ್ಣ ಪಟ್ಟಿ. ಟ್ರಿಗರಿನ ಮೇಲೆ 2.5ರಿಂದ 3 ಕಿಲೋ ಆಸುಪಾಸು ಒತ್ತಡ ಬಿದ್ದರೆ ಗುಂಡು ಹಾರುತ್ತದೆ. ಒತ್ತಿದ್ದು ನಿಮ್ಮ ಬೆರಳೋ, ಒಳಗೆ ಸಿಕ್ಕಿಕೊಂಡ ಅಂಗಿಯ ಅಂಚೋ ಎನ್ನುವುದು ಗನ್ನಿಗೆ ಗೊತ್ತಾಗುವುದಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ಮುಟ್ಟಿ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಈಗ ಗನ್ನನ್ನು ಹೋಲ್‌ಸ್ಟರಿಗೆ ಹಾಕಿ ಹೊರಗಡೆಯಿಂದ ಟ್ರಿಗರ್ ಇರುವ ಜಾಗವನ್ನು ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿ. ಟ್ರಿಗರ್ ಸ್ವಲ್ಪ ಅಲುಗಾಡಿದರೂ ಆ ಹೋಲ್‌ಸ್ಟರ್ ಬೇಡ. ತೆಳು ಬಟ್ಟೆಯದು ಸಾಮಾನ್ಯವಾಗಿ ಇಲ್ಲೇ ಸೋಲುತ್ತದೆ. ಮುಂದಿನದು, ಹಾಸಿಗೆಯ ಮೇಲೆ ಹೋಲ್‌ಸ್ಟರನ್ನು ತಲೆಕೆಳಗೆ ಹಿಡಿದು ಅಲುಗಾಡಿಸಿ. ಗನ್ ಬೀಳಬಾರದು. ಆಮೇಲೆ ಗನ್ ಹೊರಗೆ ತೆಗೆದು ಹೋಲ್‌ಸ್ಟರಿನ ಬಾಯಿ ನೋಡಿ, ತೆರೆದೇ ಇರಬೇಕು. ಬಾಯಿ ಮುಚ್ಚಿಕೊಂಡರೆ ವಾಪಸ್ ಹಾಕುವಾಗ ಅದನ್ನು ಅಗಲಿಸಲು ಇನ್ನೊಂದು ಕೈ ತರುತ್ತೀರಿ, ಆ ಕೈ ನೇರವಾಗಿ ನಳಿಗೆಯ ಮುಂದೆ ಬರುತ್ತದೆ.

ನಿಮ್ಮ ಗನ್ನಿನ ಮಾಡೆಲ್‌ಗೇ ಅಂತ ಮಾಡಿದ್ದನ್ನು ತೆಗೆದುಕೊಳ್ಳಿ. ಇಂಥವನ್ನು ಹೆಚ್ಚಾಗಿ ಕೈಡೆಕ್ಸಿನಲ್ಲಿ ಮಾಡುತ್ತಾರೆ. ಕೈಡೆಕ್ಸ್ ಅಂದರೆ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅದನ್ನು ಬಿಸಿ ಮಾಡಿ ಗನ್ನಿನ ಆಕಾರಕ್ಕೇ ಒತ್ತಿ ಕೂರಿಸಿರುತ್ತಾರೆ. ಗನ್ ಒಳಗೆ ಹೋಗಿ ಟ್ರಿಗರ್ ಗಾರ್ಡ್ (ಟ್ರಿಗರಿನ ಸುತ್ತ ಇರುವ ಬಳೆ) ತನ್ನ ಜಾಗದಲ್ಲಿ ಕೂತಾಗ ಟಕ್ ಅಂತ ಸದ್ದು ಬರುತ್ತದೆ. ಹಿಡಿತ ಎಷ್ಟು ಬಿಗಿ ಇರಬೇಕು ಅಂತ ಸ್ಕ್ರೂ ತಿರುಗಿಸಿ ಹೊಂದಿಸಿಕೊಳ್ಳಬಹುದು. ಆದರೆ ಆ ಸ್ಕ್ರೂಗಳು ದಿನದ ಓಡಾಟದಲ್ಲಿ ತಾವಾಗಿಯೇ ಸಡಿಲವಾಗುತ್ತವೆ. ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಸ್ಕ್ರೂ ತಲೆಯಿಂದ ಹೋಲ್‌ಸ್ಟರಿನ ಮೇಲೆ ಬರುವಂತೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ತಪ್ಪಿದ್ದು ಕಂಡರೆ ಸ್ಕ್ರೂ ತಿರುಗಿದೆ ಅಂತ ಅರ್ಥ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಕೈಡೆಕ್ಸ್ ಬಿಡಬೇಡಿ, ಆಕಾರ ಕೆಡುತ್ತದೆ.

ಗನ್ನಿಗೆ ಟಾರ್ಚ್ ಲೈಟ್ ಹಾಕಿದ್ದೀರಾ? ಹಾಗಾದರೆ ಆ ಲೈಟಿನ ಮಾಡೆಲ್‌ಗೂ ಹೊಂದುವ ಹೋಲ್‌ಸ್ಟರೇ ಬೇಕು. ಇದರಲ್ಲಿ ಒಂದು ಅಪಾಯ ಇದೆ. ದಪ್ಪ ಲೈಟ್ ಒಳಗೆ ಹೋಗಲು ಬಾಯಿ ಅಗಲ ಮಾಡಿರುತ್ತಾರೆ, ಟ್ರಿಗರಿನ ಪಕ್ಕ ಸಂದಿ ಉಳಿಯುತ್ತದೆ. ಆ ಸಂದಿಯಲ್ಲಿ ಬೆರಳು ತೂರಿ ಟ್ರಿಗರ್ ಮುಟ್ಟುವಂತಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಪ್ಯಾಂಟಿನೊಳಗೆ, ಮುಂದುಗಡೆ ಹೊಟ್ಟೆಯ ಪಕ್ಕ ಇಟ್ಟುಕೊಳ್ಳುತ್ತೇನೆ. ನಿಂತಾಗ ಪರವಾಗಿಲ್ಲ, ಕೂತರೆ ತೊಡೆಸಂದಿಗೆ ಚುಚ್ಚುತ್ತದೆ. ಜೊತೆಗೆ ಗನ್ನಿನ ಹಿಡಿ ಅಂಗಿಯಲ್ಲಿ ಉಬ್ಬಿ ಕಾಣುತ್ತದೆ. ಚಿಕ್ಕ ಗನ್ ಕೊಳ್ಳಬೇಕಾ?

ಉತ್ತರ: ಮೊದಲು ಬೆಲ್ಟ್ ಬದಲಾಯಿಸಿ. ಗುಂಡು ತುಂಬಿದ ಗ್ಲಾಕ್ 19 ಸುಮಾರು 850 ಗ್ರಾಂ ತೂಗುತ್ತದೆ. ಮಾಮೂಲಿ ಮೆತ್ತನೆ ಬೆಲ್ಟ್ ಅಷ್ಟು ಭಾರಕ್ಕೆ ಮಡಚಿಕೊಳ್ಳುತ್ತದೆ, ಹಿಡಿ ಹೊರಕ್ಕೆ ವಾಲುತ್ತದೆ, ಅದು ಕಾಣಬಾರದು ಅಂತ ನೀವು ಬೆಲ್ಟನ್ನು ಇನ್ನೂ ಬಿಗಿ ಮಾಡುತ್ತೀರಿ, ಆಗ ಚುಚ್ಚುವುದು ಮತ್ತೂ ಜಾಸ್ತಿಯಾಗುತ್ತದೆ. ಗನ್ನಿಗೆಂದೇ ಮಾಡಿದ ಗಟ್ಟಿ ಬೆಲ್ಟ್ ಹಾಕಿದರೆ ಇಷ್ಟು ಬಿಗಿಯುವ ಅಗತ್ಯವೇ ಇರುವುದಿಲ್ಲ. ತೂತುಗಳ ಬದಲು ಸ್ವಲ್ಪ ಸ್ವಲ್ಪವೇ ಸಡಿಲಿಸುವ ಬಕಲ್ ಇದ್ದರೆ ಊಟಕ್ಕೆ ಕೂತಾಗಲೂ ಅನುಕೂಲ. ಬೆಲ್ಟಿನ ಅಗಲವೂ ಹೋಲ್‌ಸ್ಟರನ್ನು ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ಪಿನ ಅಗಲವೂ ಒಂದೇ ಇರಲಿ, ಸಾಮಾನ್ಯವಾಗಿ ಒಂದೂವರೆ ಅಂಗುಲ. ಕ್ಲಿಪ್ ದೊಡ್ಡದಾಗಿ ಬೆಲ್ಟ್ ಸಣ್ಣದಾದರೆ ಹೋಲ್‌ಸ್ಟರ್ ಮೇಲೆ ಕೆಳಗೆ ಆಡುತ್ತದೆ. ಪ್ಯಾಂಟ್ ನಿಮ್ಮ ಅಳತೆಗಿಂತ ಒಂದು ಅಂಗುಲವಾದರೂ ದೊಡ್ಡದಿರಲಿ, ಒಳಗೆ ಇನ್ನೊಂದು ವಸ್ತು ಹೋಗಬೇಕಲ್ವಾ.

ಚಿಕ್ಕ ಗನ್ ಬಗ್ಗೆ ಕೇಳಿದ್ದೀರಿ. ಅಂಗಿಯಲ್ಲಿ ಉಬ್ಬಿ ಕಾಣುವುದು ಹಿಡಿ, ನಳಿಗೆ ಅಲ್ಲ. ನಳಿಗೆ ಗಿಡ್ಡವಾದಷ್ಟೂ ಬೆಲ್ಟಿನ ಕೆಳಗೆ ಮೈಗೆ ಆನಿಕೊಳ್ಳುವ ಭಾಗ ಕಡಿಮೆ, ಮೇಲಿನ ಭಾರಕ್ಕೆ ಹಿಡಿ ಹೊರಕ್ಕೆ ಬಾಗುತ್ತದೆ. ಅದಕ್ಕೇ ಗಿಡ್ಡ ಗನ್ನನ್ನೂ ಸ್ವಲ್ಪ ಉದ್ದದ ಹೋಲ್‌ಸ್ಟರಿನಲ್ಲಿ ಇಟ್ಟುಕೊಳ್ಳುವವರು ಇದ್ದಾರೆ, ಮತ್ತು ಅದು ಕೆಲಸ ಮಾಡುತ್ತದೆ. ಇನ್ನೊಂದು ಉಪಾಯ ‘ಕ್ಲಾ’. ಟ್ರಿಗರ್ ಗಾರ್ಡಿನ ಪಕ್ಕ ಹೊರಚಾಚಿಕೊಂಡಿರುವ ಸಣ್ಣ ರೆಕ್ಕೆ ಅದು. ಬೆಲ್ಟ್ ಅದನ್ನು ಒಳಕ್ಕೆ ಒತ್ತುತ್ತದೆ, ಹಿಡಿ ತಿರುಗಿ ಹೊಟ್ಟೆಗೆ ಅಂಟಿಕೊಳ್ಳುತ್ತದೆ.

ಚುಚ್ಚುವುದಕ್ಕೆ ‘ವೆಜ್’ ಹಾಕಿ. ಹೋಲ್‌ಸ್ಟರಿನ ಕೆಳತುದಿಯಲ್ಲಿ, ಮೈಗೆ ತಾಗುವ ಬದಿಗೆ ಅಂಟಿಸುವ ಫೋಮ್ ತುಂಡು ಅಷ್ಟೇ. ಕೆಳಭಾಗವನ್ನು ಅದು ಮೈಯಿಂದ ಹೊರಕ್ಕೆ ತಳ್ಳುತ್ತದೆ, ಆಗ ಹಿಡಿ ಒಳಕ್ಕೆ ಬರುತ್ತದೆ, ಗಟ್ಟಿ ಅಂಚಿನ ಬದಲು ಮೆತ್ತನೆಯದು ಮೈಗೆ ತಾಗುತ್ತದೆ. ಕೊಳ್ಳುವ ಮೊದಲು ಒಂದು ಕಾಲುಚೀಲ ಮಡಚಿ ಅದೇ ಜಾಗಕ್ಕೆ ಟೇಪ್ ಹಚ್ಚಿ ಒಂದು ದಿನ ಓಡಾಡಿ ನೋಡಿ. ಫೋಮ್ ಎಷ್ಟು ದಪ್ಪ ಬೇಕು, ಎಲ್ಲಿ ಬೇಕು ಅಂತ ಅದರಲ್ಲೇ ಗೊತ್ತಾಗುತ್ತದೆ. ಕೈಡೆಕ್ಸ್ ಅಂಚು ಚೂಪಾಗಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ. ಹೋಲ್‌ಸ್ಟರಿನ ಎತ್ತರವನ್ನೂ ಬದಲಿಸಿ ನೋಡಿ, ಕ್ಲಿಪ್ಪಿನ ಸ್ಕ್ರೂ ಹಾಕುವ ತೂತುಗಳಲ್ಲಿ ಒಂದು ತೂತಿನಷ್ಟು ಹೋಲ್‌ಸ್ಟರನ್ನು ಮೇಲೆ ಏರಿಸಿದರೆ ತೊಡೆಸಂದಿಗೆ ಬಿಡುವು ಸಿಗಬಹುದು. ತೀರಾ ಕೆಳಗೆ ಇಳಿಸಿದರೆ ಹಿಡಿಯನ್ನು ಪೂರ್ತಿ ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಅದು ತಪ್ಪು. ಹೊಕ್ಕುಳಿಂದ ಒಂದು ಬೆರಳಿನಷ್ಟು ಆಕಡೆ ಈಕಡೆ ಸರಿಸಿದರೂ ಕೆಲವರಿಗೆ ಸಮಸ್ಯೆ ಅರ್ಧ ಮುಗಿಯುತ್ತದೆ.

ಇಷ್ಟೆಲ್ಲ ಆದಮೇಲೂ ಹೊಟ್ಟೆ ಅಡ್ಡ ಬಂದರೆ ಮುಂದುಗಡೆ ಇಡುವುದನ್ನು ಬಿಡಿ. ಬಲಗೈಯವರಾದರೆ ಬಲಗಡೆ ಸೊಂಟದ ಮೂಳೆಯ ಸ್ವಲ್ಪ ಹಿಂದೆ ಇಡಿ, ಹಿಡಿ ಮುಂದಕ್ಕೆ 10ರಿಂದ 15 ಡಿಗ್ರಿ ಬಾಗಿರಲಿ. ಬಗ್ಗಿದಾಗ ಮಾತ್ರ ಅಲ್ಲಿ ಉಬ್ಬು ಕಾಣುತ್ತದೆ, ಹಾಗಾಗಿ ಕೆಳಗೆ ಬಿದ್ದದ್ದನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಕೂರುವ ಅಭ್ಯಾಸ ಮಾಡಿಕೊಳ್ಳಿ. ಬೆನ್ನಿನ ನಟ್ಟನಡುವೆ ಮಾತ್ರ ಇಡಬೇಡಿ. ಹಿಂದಕ್ಕೆ ಬಿದ್ದರೆ ಬೆನ್ನುಮೂಳೆ ಆ ಕಬ್ಬಿಣದ ಮೇಲೆ ಬೀಳುತ್ತದೆ.

ಆರಾಮದ ಬಗ್ಗೆ ಇಷ್ಟು ಉದ್ದ ಬರೆಯಲು ಕಾರಣ ಇದೆ. ಚುಚ್ಚುವ ಹೋಲ್‌ಸ್ಟರನ್ನು ಜನ ಅಂಗಿಯ ಮೇಲಿಂದ ಮತ್ತೆ ಮತ್ತೆ ಸರಿಮಾಡುತ್ತಾರೆ, ಕಾರಿನಲ್ಲಿ ಕೂತಾಗ ತೆಗೆದು ಸೀಟಿನ ಪಕ್ಕ ಇಡುತ್ತಾರೆ, ಇಳಿಯುವಾಗ ಮತ್ತೆ ಸಿಕ್ಕಿಸುತ್ತಾರೆ. ಗನ್ ಹೋಲ್‌ಸ್ಟರಿನ ಒಳಗೆ ಸುಮ್ನೆ ಇರುವಷ್ಟು ಹೊತ್ತು ಅಪಾಯ ಕಡಿಮೆ. ಹಾಕುವಾಗ ತೆಗೆಯುವಾಗಲೇ ಹೆಚ್ಚಿನ ಅವಘಡ ಆಗುವುದು. ಮುಂದುಗಡೆ ಇಡುವವರ ನಳಿಗೆಯಂತೂ ತೊಡೆಯ ದೊಡ್ಡ ರಕ್ತನಾಳದ ಕಡೆಗೇ ಇರುತ್ತದೆ. ಅದಕ್ಕೆ ಬೆಳಿಗ್ಗೆ ಗನ್ನನ್ನು ಹೋಲ್‌ಸ್ಟರಿಗೆ ಮೊದಲೇ ಹಾಕಿಕೊಂಡು ಎರಡನ್ನೂ ಒಟ್ಟಿಗೆ ಪ್ಯಾಂಟಿಗೆ ಸಿಕ್ಕಿಸಿ, ರಾತ್ರಿ ಎರಡನ್ನೂ ಒಟ್ಟಿಗೇ ತೆಗೆಯಿರಿ. ಮೈಮೇಲೆ ಇರುವ ಹೋಲ್‌ಸ್ಟರಿಗೇ ವಾಪಸ್ ಹಾಕಬೇಕಾಗಿ ಬಂದರೆ ಅಂಗಿಯನ್ನು ಪೂರ್ತಿ ಮೇಲಕ್ಕೆತ್ತಿ, ಸೊಂಟ ಮುಂದಕ್ಕೆ ಮಾಡಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಕಣ್ಣಿಂದ ನೋಡುತ್ತಾ ನಿಧಾನಕ್ಕೆ ಹಾಕಿ. ಜಾಕೆಟ್ಟಿನ ದಾರದ ತುದಿಯಲ್ಲಿರುವ ಪ್ಲಾಸ್ಟಿಕ್ ಗುಂಡಿ ಟ್ರಿಗರ್ ಗಾರ್ಡಿನೊಳಗೆ ಸಿಕ್ಕಿ ಗುಂಡು ಹಾರಬಹುದು. ಆ ದಾರ ಇದ್ದರೆ ಕತ್ತರಿಸಿ ತೆಗೆದುಬಿಡಿ.

ಪ್ರಶ್ನೆ: ನಾನು ಹೆಚ್ಚಾಗಿ ಬೆಲ್ಟ್ ಹಾಕುವ ಉಡುಪು ಹಾಕುವುದಿಲ್ಲ. ಹ್ಯಾಂಡ್‌ಬ್ಯಾಗಿನಲ್ಲಿ ಗನ್ನಿಗೆಂದೇ ಬೇರೆ ಜಿಪ್ ಇರುವ ಅರೆ ಇದೆ. ಅದರಲ್ಲಿ ಇಟ್ಟುಕೊಳ್ಳಬಹುದಾ? ಮನೆಯಲ್ಲಿ ಚಿಕ್ಕ ಮಗು ಇದೆ.

ಉತ್ತರ: ಮೇಡಂ, ಮಗು ಇದೆ ಅಂದಮೇಲೆ ಬ್ಯಾಗಿನಲ್ಲಿ ಬೇಡವೇ ಬೇಡ. ಅಮೆರಿಕದ ಐಡಾಹೊ ರಾಜ್ಯದಲ್ಲಿ 2014ರ ಡಿಸೆಂಬರಿನಲ್ಲಿ, ಅಂಗಡಿಯೊಂದರಲ್ಲಿ ಸಾಮಾನಿನ ಗಾಡಿಯಲ್ಲಿ ಕೂತಿದ್ದ 2 ವರ್ಷದ ಮಗು ತಾಯಿಯ ಬ್ಯಾಗಿನಿಂದ ಪಿಸ್ತೂಲು ತೆಗೆದು, ಗುಂಡು ಹಾರಿ, ತಾಯಿ ಅಲ್ಲೇ ತೀರಿಕೊಂಡರು. ಆ ಬ್ಯಾಗ್ ಕೂಡ ಗನ್ ಇಡಲೆಂದೇ ಮಾಡಿದ್ದು, ಜಿಪ್ ಇರುವ ಅರೆಯಲ್ಲೇ ಗನ್ ಇತ್ತು. ಬ್ಯಾಗನ್ನು ನಾವು ಕುರ್ಚಿಗೆ ನೇತುಹಾಕುತ್ತೇವೆ, ಕೆಳಗಿಡುತ್ತೇವೆ, ಮರೆಯುತ್ತೇವೆ, ಕಳ್ಳ ಕಿತ್ತುಕೊಂಡು ಓಡುವುದೂ ಅದನ್ನೇ.

ಬೆಲ್ಟ್ ಇಲ್ಲದವರಿಗೆ ಬೆಲ್ಲಿ ಬ್ಯಾಂಡ್ ಇದೆ, ಹೊಟ್ಟೆಗೆ ಸುತ್ತಿಕೊಳ್ಳುವ ಅಗಲವಾದ ಎಲಾಸ್ಟಿಕ್ ಪಟ್ಟಿ. ಬರೀ ಬಟ್ಟೆಯ ಜೇಬಿರುವುದು ಬೇಡ, ಒಳಗೆ ಗಟ್ಟಿ ಕೈಡೆಕ್ಸ್ ಚಿಪ್ಪು ಹೊಲಿದಿರುವುದನ್ನು ಹುಡುಕಿ. ಮೇಲೆ ಹೇಳಿದ ಹೆಬ್ಬೆರಳಿನ ಪರೀಕ್ಷೆ ಅದಕ್ಕೂ ಮಾಡಿ. ಚಿಕ್ಕ ಗನ್ನಾದರೆ ಆಳವಾದ ಜೇಬಿನಲ್ಲಿ ಜೇಬಿನ ಹೋಲ್‌ಸ್ಟರ್ ಹಾಕಿ ಇಟ್ಟುಕೊಳ್ಳಬಹುದು, ಆದರೆ ಆ ಜೇಬಿನಲ್ಲಿ ಬೀಗದ ಕೈ, ಪೆನ್ನು, ಚಿಲ್ಲರೆ ಏನೂ ಇರಕೂಡದು.

ಹೊರಗಡೆ ಶೌಚಾಲಯಕ್ಕೆ ಹೋದಾಗ ಗನ್ ತೆಗೆದು ಫ್ಲಶ್ ಟ್ಯಾಂಕಿನ ಮೇಲೋ ಬಾಗಿಲ ಕೊಕ್ಕೆಗೋ ಇಟ್ಟು ಅಲ್ಲೇ ಮರೆತು ಬರುವವರಿದ್ದಾರೆ. ಹೋಲ್‌ಸ್ಟರಿನಿಂದ ತೆಗೆಯಲೇಬೇಡಿ, ಬ್ಯಾಂಡ್ ಮೈಮೇಲೇ ಇರಲಿ. ಇದರಲ್ಲಿ ಬ್ಯಾಂಡ್ ಬೆಲ್ಟಿಗಿಂತ ವಾಸಿ.

ಪ್ರಶ್ನೆ: ಅಪ್ಪನ ಹಳೇ ಚರ್ಮದ ಹೋಲ್‌ಸ್ಟರ್ ಇದೆ, ಬೆಣ್ಣೆಯಂತೆ ಮೆತ್ತಗಾಗಿದೆ. ನನ್ನ ಗನ್ ಅದರಲ್ಲಿ ಸಲೀಸಾಗಿ ಕೂರುತ್ತದೆ. ಬಳಸಲೇ?

ಉತ್ತರ: ಮೆತ್ತಗಾಗಿರುವುದೇ ತೊಂದರೆ. ಹಳೇ ಚರ್ಮದ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತದೆ, ಗನ್ ಕೆಳಕ್ಕೆ ಒತ್ತಿದಾಗ ಆ ಮಡಿಕೆ ಟ್ರಿಗರ್ ಗಾರ್ಡಿನೊಳಗೆ ತೂರಿ ಬೆರಳಿನ ಹಾಗೇ ಟ್ರಿಗರ್ ಒತ್ತುತ್ತದೆ. ಹೀಗೆ ಗುಂಡು ಹಾರಿದ್ದು ಉಂಟು. ಬಾಯಿಯ ಅಂಚನ್ನು ಬೆರಳಿಂದ ಒಳಕ್ಕೆ ಒತ್ತಿ ನೋಡಿ, ಅದು ಬಾಗಿ ಹಾಗೇ ನಿಂತರೆ ಮುಗಿಯಿತು. ಒಳ್ಳೇ ಚರ್ಮದ ಹೋಲ್‌ಸ್ಟರಿನ ಬಾಯಿಗೆ ಇನ್ನೊಂದು ಪದರ ಗಟ್ಟಿಯಾಗಿ ಹೊಲಿದಿರುತ್ತಾರೆ, ಕೆಲವಕ್ಕೆ ಒಳಗೆ ಲೋಹದ ಪಟ್ಟಿಯೂ ಇರುತ್ತದೆ.

ಚರ್ಮವೇ ಇಷ್ಟ ಅಂದರೆ ನಿಮ್ಮ ಗನ್ನಿಗೆ ಅಚ್ಚು ಮಾಡಿದ ಹೊಸದು ತೆಗೆದುಕೊಳ್ಳಿ, ಮೈಗೆ ಕೈಡೆಕ್ಸ್‌ಗಿಂತ ಹಿತವಾಗಿರುತ್ತದೆ. ಮೊದಮೊದಲು ತುಂಬಾ ಬಿಗಿ ಇರುತ್ತದೆ. ಖಾಲಿ ಗನ್ನಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ ಒಂದು ರಾತ್ರಿ ಒಳಗಿಟ್ಟರೆ ಸಡಿಲವಾಗುತ್ತದೆ. ಎಣ್ಣೆ ಹಚ್ಚಿ ಮೆತ್ತಗೆ ಮಾಡಬೇಡಿ. ಬಳಸದೇ ಇರುವಾಗ ತಿಂಗಳುಗಟ್ಟಲೆ ಗನ್ನನ್ನು ಚರ್ಮದೊಳಗೆ ಬಿಡಬೇಡಿ, ತೇವ ಹಿಡಿದು ತುಕ್ಕು ಬರುತ್ತದೆ.

ಅಪ್ಪನ ಹೋಲ್‌ಸ್ಟರನ್ನು ನೆನಪಿಗೆ ಇಟ್ಟುಕೊಳ್ಳಿ, ಗನ್ ಹಾಕಬೇಡಿ. ಮನೆಯಲ್ಲಿ ಬೇರೆ ಯಾರೂ ಬಳಸದಂತೆ ಅದರ ಬೆಲ್ಟ್ ಪಟ್ಟಿಯನ್ನು ಕತ್ತರಿಸಿಟ್ಟರೆ ಇನ್ನೂ ಒಳ್ಳೆಯದು.